ಒಂದು ಚಮಚ ಗಿಣ್ಣ

ನಮ್ಮ ಊರಿನಲ್ಲಿ ಮೆಣಸಿನ ಬೀಜ ಮಡಿಗೆ ಬೀಳುವ ಮೊದಲು ನೀಲಕ್ಕನ ಕೈಗೆ ಬರುತ್ತಿತ್ತು. ರೈತರು ಪೊಟ್ಟಣ ಹಿಡಿದು ನಮ್ಮ ಕಟ್ಟೆಯ ಮೇಲೆ ಕೂರುತ್ತಿದ್ದರು. ಅಕ್ಕ ರೊಟ್ಟಿ ಬಡಿಯುವುದನ್ನು ಬಿಟ್ಟು, ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು, ಒಂದು ಚಿಟಿಕೆ ಬೀಜ ಎತ್ತಿ ಮತ್ತೆ ಅದರಲ್ಲೇ ಬಿಡುತ್ತಿದ್ದಳು. ಅಷ್ಟಾದರೆ ಸಾಕು, ಅವರು ಎದ್ದು ಹೋಗುತ್ತಿದ್ದರು. ಉಪ್ಪಿನಕಾಯಿ ಹಾಕುವ ಮನೆಯವರು ಮೊದಲ ಹಿಡಿ ಉಪ್ಪನ್ನು ಅವಳಿಂದ ಹಾಕಿಸುತ್ತಿದ್ದರು. ಹೊಸದಾಗಿ ಎಮ್ಮೆ ಕೊಂಡವರು ಅದಕ್ಕೆ ಮೊದಲ ಹಿಂಡಿಯನ್ನು ಅವಳ ಕೈಯಿಂದ ತಿನ್ನಿಸುತ್ತಿದ್ದರು. ಅವಳ ಕೈಗುಣ ಅಂಥದ್ದು ಎಂದು ಎಲ್ಲರ ನಂಬಿಕೆ. ನೋಡಿದರೆ ಆ ಕೈಯಲ್ಲಿ ಏನೂ ಇರಲಿಲ್ಲ. ಗಿಡ್ಡ ಬೆರಳುಗಳು, ಹೆಂಚು ತಾಗಿ ಸುಟ್ಟ ಕಲೆಗಳು, ಹೆಬ್ಬೆರಳಿಗೆ ಒಡೆದ ಉಗುರು.

ಆ ಕೈಗೆ ಕೆಟ್ಟ ಹೆಸರು ತಂದವನು ನಾನು, ಅವಳ ಒಡಹುಟ್ಟಿದ ತಮ್ಮ. ಏಳನೆಯ ತರಗತಿಗೆ ಶಾಲೆ ಬಿಟ್ಟವನು. ಬರೆಯುವುದು ನನಗೆ ರೂಢಿ ಇಲ್ಲ. ಬಾಯಿಂದ ಬರದ ಮಾತು ಕೈಯಿಂದಲಾದರೂ ಬರಲಿ ಎಂದು ಕುಳಿತಿದ್ದೇನೆ.

ಹಾನಗಲ್ಲಿಗೆ ಹತ್ತಿರದ ಊರು ನಮ್ಮದು. ಅಕ್ಕನನ್ನು ಶಿಗ್ಗಾಂವಿಗೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ಅವಳು ತವರಿಗೆ ಬಂದಳು. ಅಷ್ಟರಲ್ಲಿ ನಮ್ಮ ಅವ್ವನೂ ತೀರಿಹೋಗಿದ್ದಳು. ಬಂದ ದಿನವೇ ಒಲೆ ಮುಂದೆ ಕುಳಿತ ಅಕ್ಕ ಮತ್ತೆ ಏಳಲಿಲ್ಲ. ನನ್ನ ಮದುವೆಯಾಗಿ ಸುಮಾ ಬಂದ ಮೇಲೂ ಒಲೆ ಅಕ್ಕನದೇ ಆಗಿತ್ತು. ಸುಮಾಗೂ ಅದೇ ಹಿತವಾಗಿತ್ತು.

ಅಕ್ಕ ಯಾರನ್ನು ಕಂಡರೂ ಮೊದಲು ಕೇಳುವ ಮಾತು ಒಂದೇ: "ಏನ್ ಉಂಡಿ?" ಜ್ವರ ಬಂದವರಿಗೂ, ತಲೆನೋವಿನವರಿಗೂ, ಗಂಡನ ಜೊತೆ ಜಗಳ ಮಾಡಿ ಬಂದವರಿಗೂ ಅದೇ ಪ್ರಶ್ನೆ. "ಹೊಟ್ಟಿಗೆ ಬಾಯಿಲ್ಲ. ನಾವ ಕೇಳಬೇಕು" ಎನ್ನುತ್ತಿದ್ದಳು. ಅವಳಿಗೆ ಯಾವ ವೈದ್ಯವೂ ಗೊತ್ತಿರಲಿಲ್ಲ. ಅಜವಾನದ ನೀರು, ತಿಳಿ ಮಜ್ಜಿಗೆ, ಗಂಜಿ, ಇಷ್ಟೇ ಅವಳ ಔಷಧ. ಆದರೆ ಉಂಡದ್ದೇನು ಎಂದು ತಿಳಿಯುವವರೆಗೆ ಒಂದು ಹನಿಯನ್ನೂ ಕೊಡುತ್ತಿರಲಿಲ್ಲ.

ಒಂದು ಸೋಮವಾರ ಪಕ್ಕದ ಮನೆಯ ಈರಪ್ಪಜ್ಜ ಹೊಟ್ಟೆ ಹಿಡಿದುಕೊಂಡು ಬಂದ. ಏನು ತಿಂದೆ ಎಂದು ಅಕ್ಕ ಕೇಳಿದಳು. ಅಜ್ಜನಿಗೆ ಸಿಟ್ಟು ಬಂತು.

"ನಂದು ಸೋಮವಾರ ಒಪ್ಪತ್ತೈತಿ, ಊರಿಗೆಲ್ಲಾ ಗೊತ್ತೈತಿ. ನಾ ಏನ್ ತಿನ್ನಲಿ?"

"ಒಪ್ಪತ್ತು ನಿಂದು, ಅಜ್ಜಾ. ಹೊಟ್ಟಿದಲ್ಲ. ಖರೇ ಹೇಳು. ನನ್ನ ಬಾಯಿಂದ ಹೊರಗ ಹೋಗೂದಿಲ್ಲ."

ಅಜ್ಜ ಆಚೀಚೆ ನೋಡಿ, ಬಗ್ಗಿ, ಅವಳ ಕಿವಿಯಲ್ಲಿ ಏನೋ ಹೇಳಿದ. ಅಕ್ಕ ಒಳಗೆ ಹೋಗಿ ಅಜವಾನದ ನೀರು ಕಾಸಿ ತಂದಳು. ಏನು ತಿಂದಿದ್ದನಂತೆ ಎಂದು ನಾನೂ ಸುಮಾಳೂ ಎಷ್ಟು ಕಾಡಿದರೂ ಅವಳು ಬಾಯಿ ಬಿಡಲಿಲ್ಲ. ಬಹಳ ದಿನಗಳ ಮೇಲೆ ಅಜ್ಜನೇ ಕಟ್ಟೆಯ ಮೇಲೆ ನಗುತ್ತ ಹೇಳಿಕೊಂಡ. ಹಾನಗಲ್ ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿಯ ವಾಸನೆ ಬಂದಾಗ ಶಿವನಿಗೆ ಕಣ್ಣು ಮುಚ್ಚಿಕೋ ಎಂದು ಹೇಳಿ ತಿಂದಿದ್ದನಂತೆ.

ನಾನು ಲಗೇಜ್ ಗಾಡಿ ಓಡಿಸುತ್ತೇನೆ. ಸವಣೂರಿನಿಂದ ವೀಳ್ಯದೆಲೆ ಹೇರಿಕೊಂಡು ಹಾನಗಲ್, ಹಿರೇಕೆರೂರು ಸಂತೆಗಳಿಗೆ ಹಾಕಿ ಬರುವುದು ನನ್ನ ಕೆಲಸ. ಒಂದು ಮಳೆಗಾಲದ ಬೆಳಿಗ್ಗೆ ತಾಡಪತ್ರಿ ಬಿಚ್ಚಿದರೆ ಎಲೆಯ ಪೆಂಡಿಗಳ ನಡುವೆ ಗೋಧಿ ಬಣ್ಣದ ನಾಯಿಮರಿಯೊಂದು ಮಲಗಿತ್ತು. ಸವಣೂರಿನಲ್ಲಿ ಯಾವಾಗ ಹತ್ತಿತೋ ಗೊತ್ತಿಲ್ಲ. ಅಕ್ಕ ಅದನ್ನು ಎತ್ತಿಕೊಂಡು "ಹುಗ್ಗಿ" ಎಂದು ಕರೆದಳು. ಅಪ್ಪ ನಡುಮನೆಗೆ ಬಿಡಲಿಲ್ಲ. ದನದ ಕೊಟ್ಟಿಗೆಯಲ್ಲಿ ಗೋಣಿಚೀಲ ಹಾಸಿ ಅದನ್ನು ಮಲಗಿಸಿದಳು. ತವರಿಗೆ ಬಂದ ಮೇಲೆ ಅವಳು ತನ್ನದು ಎಂದು ಇಟ್ಟುಕೊಂಡದ್ದು ಅದೊಂದೇ.

ಈಗ ನನ್ನ ವಿಷಯ. ನಮ್ಮದು ಲಿಂಗ ಕಟ್ಟಿದ ಮನೆ. ಅಪ್ಪ ಪೂಜೆ ಮಾಡದೆ ಗುಟುಕು ನೀರು ಕುಡಿದವನಲ್ಲ. ನಾನು ಮಾತ್ರ ಸವಣೂರಿನ ಒಂದು ಓಣಿಯ ಖಾನಾವಳಿಯಲ್ಲಿ ಮಟನ್ ಊಟ ಕಲಿತಿದ್ದೆ. ಉಂಡ ಮೇಲೆ ಕೈ ತೊಳೆದು, ಎಲೆ ಅಡಿಕೆ ಹಾಕಿ, ಗಾಡಿಯ ಕಿಟಕಿ ತೆಗೆದುಕೊಂಡು ಊರಿಗೆ ಬರುತ್ತಿದ್ದೆ. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹುಗ್ಗಿಗೆ ಗೊತ್ತಾಯಿತು. ನಾನು ಇಳಿದ ಕೂಡಲೇ ಓಡಿ ಬಂದು ನನ್ನ ಬೆರಳುಗಳನ್ನು ನೆಕ್ಕುತ್ತಿತ್ತು. ನಮ್ಮ ಮನೆಯ ಎಮ್ಮೆ, ಕರು, ಬೆಕ್ಕು ಎಲ್ಲವೂ ಅಕ್ಕನ ಕೈ ಹಿಂದೆಯೇ ತಿರುಗುವವು. ಈ ಒಂದು ಮರಿ ಅವಳನ್ನು ಬಿಟ್ಟು ನನ್ನ ಕಡೆ ಬರುವುದು ನನಗೆ ಖುಷಿ ಕೊಡುತ್ತಿತ್ತು. ಆ ಖುಷಿಗೆ ಒಂದು ದಿನ ತಾಟಿನಲ್ಲಿ ಉಳಿದ ಎಲುಬುಗಳನ್ನು ಮಸಾಲೆ ಸಮೇತ ಕ್ಯಾರಿಬ್ಯಾಗಿಗೆ ಹಾಕಿಕೊಂಡು ಬಂದೆ. ಗಾಡಿಯ ಹಿಂದೆ ಕೂತು, ಹಾಲುಹಲ್ಲಿನ ಮರಿಗೆ ಅಷ್ಟನ್ನೂ ತಿನ್ನಿಸಿದೆ.

ಅದೇ ದಿನ ನಮ್ಮ ಎಮ್ಮೆ ಈದಿತ್ತು. ಅಕ್ಕ ಗಿಣ್ಣ ಕಾಸಿ ಓಣಿಗೆಲ್ಲ ಹಂಚಿ, ಹುಗ್ಗಿಯ ಬಾಯಿಗೂ ಒಂದು ಚಮಚ ಇಟ್ಟಿದ್ದಳು.

ಮರುದಿನ ಬೆಳಿಗ್ಗೆ ಮರಿ ಏಳಲಿಲ್ಲ. ಗೋಣಿಚೀಲದ ತುಂಬ ವಾಂತಿ. ನೀರಿನಂಥ ಭೇದಿ, ಅದರಲ್ಲಿ ರಕ್ತದ ಎಳೆ. ಹೊಟ್ಟೆ ಉಬ್ಬಿ ಕಣ್ಣು ಒಳಗೆ ಹೋಗಿದ್ದವು. ಅಕ್ಕ ಬೂದಿ ಹಾಕಿ ಬಳಿಯುತ್ತಿದ್ದವಳು ನಡುವೆ ನಿಂತಳು. ಎರಡು ಬೆರಳಿನಲ್ಲಿ ಏನನ್ನೋ ಎತ್ತಿ ನೋಡಿದಳು. ತಿಪ್ಪೆಯ ಕಡೆ ಹೋಗಿ ಬಂದಳು. ಜಂತುಹುಳ ಇರಬೇಕು ಎಂದುಕೊಂಡೆ ನಾನು.

ಬಂದವಳು ನನ್ನನ್ನೇ ಕೇಳಿದಳು. "ಬಸ್ಯಾ, ಏನರ ತಿಂದಿತ್ತೇನೋ ಇದು?"

"ನನಗೇನ್ ಗೊತ್ತು?" ಎಂದೆ.

ವಿಭೂತಿ ಹಚ್ಚಿಕೊಂಡು ಅಪ್ಪ ಕೊಟ್ಟಿಗೆಯ ಬಾಗಿಲಿಗೆ ಬಂದಿದ್ದ. "ಗಿಣ್ಣ ಹಾಕಿದ್ಯಂತಲ್ಲ ನೀಲವ್ವಾ. ನಾಯಿಮರಿಗೆ ಯಾರರ ಗಿಣ್ಣ ಹಾಕ್ತಾರ? ದೊಡ್ಡ ಕೈಗುಣ ಅಂತ, ಕೈಗುಣ" ಎಂದ. ಅಕ್ಕ ಮರಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ ಗಾಡಿ ಹತ್ತಿದಳು.

ಹಾನಗಲ್ಲಿನ ದನದ ದವಾಖಾನೆಯಲ್ಲಿ ಡಾಕ್ಟರು ಅದರ ಹೊಟ್ಟೆ ಒತ್ತಿ ನೋಡಿದರು. "ಏನ್ ತಿಂದಿತ್ರಿ ಇದು? ಎಲುಬು ಗಿಲುಬು ಏನರ?" ಎಂದರು.

ಅವರು ಕೇಳಿದ್ದು ನೇರವಾಗಿ ಅದನ್ನೇ. ಹೇಳಿದ್ದರೆ ಊರಲ್ಲಿದ್ದ ಅಪ್ಪನಿಗೇನೂ ಕೇಳುತ್ತಿರಲಿಲ್ಲ. ಆದರೂ ನಾಲಿಗೆ ತಾನೇ ಹೊರಳಿತು. "ಎಲುಬು ನಮ್ಮನ್ಯಾಗ ಎಲ್ಲಿ ಬರ್ತಾವ್ರಿ ಸಾಹೇಬ್ರ? ನಮ್ಮಕ್ಕ ಗಿಣ್ಣ ಹಾಕ್ಯಾಳ್ರಿ."

ಅಕ್ಕ ನನ್ನನ್ನು ನೋಡಲಿಲ್ಲ. ಮರಿಯ ಮೇಲಿದ್ದ ತನ್ನ ಬಲಗೈಯನ್ನು ನೋಡಿಕೊಂಡಳು. ಆಮೇಲೆ ಗಾಡಿ ತಿರುಗಿಸಿ ನಿಲ್ಲಿಸು ಹೋಗು ಎಂದಳು. ನಾನು ಹೊರಗೆ ಬಂದೆ. ಅವಳು ಒಳಗೆ ಸ್ವಲ್ಪ ಹೊತ್ತು ಉಳಿದಳು. ಡಾಕ್ಟರು ಸೂಜಿ ಮಾಡಿ, ಸದ್ಯ ತಿನ್ನಲು ಏನೂ ಕೊಡಬೇಡಿ, ಮತ್ತೆ ರಕ್ತ ಕಂಡರೆ ಕೂಡಲೇ ತನ್ನಿ ಎಂದು ಹೇಳಿ ಕಳಿಸಿದರು. ಹೊರಡುವಾಗ ಬಾಗಿಲಿಗೆ ಬಂದು ನನ್ನನ್ನೊಮ್ಮೆ ನೋಡಿದರು. ಯಾಕೆಂದು ನನಗೆ ಆಗ ತಿಳಿಯಲಿಲ್ಲ.

ಅಕ್ಕ ಮರಿಯನ್ನು ಉಳಿಸಿಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನೀರು ಕುದಿಸಿ ಆರಿಸಿ, ಚಿಟಿಕೆ ಉಪ್ಪು ಸಕ್ಕರೆ ಕದಡಿ, ಚಮಚದ ತುದಿಯಿಂದ ಅದರ ಒಸಡಿಗೆ ತಾಗಿಸುವಳು. ಕಕ್ಕಿದರೆ ಒರೆಸಿ ಸುಮ್ಮನೆ ಕೂರುವಳು. ಒಳಗೆ ಉಳಿದರೆ ಇನ್ನೊಂದು ಹನಿ. ಸ್ವಲ್ಪ ಜೀವ ಬಂದ ಮೇಲೆ ಮರಿ ಹಸಿದು ಕುಂಯ್‌ಗುಡತೊಡಗಿತು. ನನಗೆ ತಡೆಯಲಾಗಲಿಲ್ಲ. ರೊಟ್ಟಿಯ ಚೂರು ಹಿಡಿದು ಬಗ್ಗಿದೆ. ಅಕ್ಕ ನನ್ನ ಮಣಿಕಟ್ಟು ಹಿಡಿದಳು.

"ನಿನ್ನ ಸಮಾಧಾನಕ್ಕ ಅದಕ್ಕ ತಿನ್ನಸಬ್ಯಾಡ."

"ಅಳಾಕತ್ತೈತಿ ಅಕ್ಕಾ."

"ಬಾಯಿ ಅಳತೈತಿ. ಹೊಟ್ಟಿ ಇನ್ನೂ ಕೇಳಿಲ್ಲ. ಹೊಟ್ಟಿ ಕೇಳಿದಾಗ ಕೊಡೂಣು."

ವಾಂತಿ ನಿಂತ ಮೇಲೆ ಅಕ್ಕಿಯ ತಿಳಿಗಂಜಿ ಕೊಟ್ಟಳು. ಅದು ದಕ್ಕಿದ ಮೇಲೆ ಮೆತ್ತಗೆ ಬೆಂದ ಅನ್ನ, ಒಂದೊಂದೇ ಬೆರಳಿನಷ್ಟು. ಹಾಲನ್ನು ಹತ್ತಿರಕ್ಕೂ ತರಲಿಲ್ಲ. ಒಂದು ಬೆಳಿಗ್ಗೆ ಭೇದಿ ನಿಂತು ಮರಿ ಗಟ್ಟಿಯಾಗಿ ಹೊರಗೆ ಹೋದಾಗ, ಹೆಣ್ಣು ನೋಡಲು ಬಂದವರು ಒಪ್ಪಿಕೊಂಡರೇನೋ ಎಂಬಂತೆ ಮನೆಮಂದಿಯನ್ನೆಲ್ಲ ಕೂಗಿದಳು. ಇದನ್ನ ನೋಡಾಕ ಪೂಜಿ ಬಿಟ್ಟ ಬರ್ಲೇನ ಎಂದು ಅಪ್ಪ ಒಳಗಿನಿಂದ ಗೊಣಗಿದ. ಅಕ್ಕ ನಕ್ಕಳು. ನಮ್ಮ ಮನೆಯಲ್ಲಿ ಅವಳು ನಕ್ಕದ್ದನ್ನು ನಾನು ಕಡೆಯ ಸಲ ನೋಡಿದ್ದು ಆವತ್ತೇ.

ಅಂದೇ ಮಧ್ಯಾಹ್ನ ಅವಳು ಒಲೆ ಬಿಟ್ಟು ಎದ್ದಳು. "ಇನ್ನ ಮ್ಯಾಲ ಒಲಿ ನಿಂದವಾ ಸುಮಾ. ನನ್ನ ಕೈಯಾಗಿಂದು ಯಾರಿಗೂ ಬ್ಯಾಡ" ಎಂದಳು. ಅಂದಿನಿಂದ ಸಗಣಿ ಬಳಿದಳು, ನೀರು ತಂದಳು, ಹೊಲಕ್ಕೆ ಹೋದಳು. ಯಾರ ತಾಟಿಗೂ ಒಂದು ತುತ್ತು ಹಾಕಲಿಲ್ಲ. ಗಿಣ್ಣದ ಸುದ್ದಿ ಅಷ್ಟರಲ್ಲಿ ಊರಲ್ಲಿ ಹರಡಿತ್ತು. ಮುಂದಿನ ಸಲ ಮೆಣಸಿನ ಬೀಜ ಹಿಡಿದು ಬಂದವರು ಬಹಳ ಕಡಿಮೆ. ಬಂದವರನ್ನೂ ಅವಳು ಬೀಜ ಮುಟ್ಟದೆ ಕಳಿಸಿದಳು.

ಹೆಚ್ಚು ಸೊರಗಿದವನು ಅಪ್ಪ. ಅವನಿಗೆ ಅಕ್ಕನ ರೊಟ್ಟಿಯೇ ಬೇಕು. ಒಂದು ದಿನ ತಾಟಿನ ಮುಂದೆ ಕುಳಿತು, ಗೋಡೆಗೆ ಹೇಳುವವನಂತೆ, "ಒಂದ ರೊಟ್ಟಿ ಬಡದ್ರ ಏನ್ ಗಂಟ ಹೊಕ್ಕೇತಿ?" ಎಂದ. ಅವನ ಮಟ್ಟಿಗೆ ಅದು ಕ್ಷಮೆ ಕೇಳಿದಂತೆ. ಸುಮಾ ಛಲೋ ಬಡೀತಾಳ ಎಂದು ಅಕ್ಕ ಕೊಡ ಎತ್ತಿಕೊಂಡು ಹೊರಗೆ ಹೋದಳು. ನಾನು ಅದೇ ಸಾಲಿನಲ್ಲಿ ಊಟಕ್ಕೆ ಕುಳಿತಿದ್ದೆ. ನನ್ನಿಂದ ಅವಳ ಕೈ ಸತ್ತುಹೋಯಿತು ಎನಿಸಿತು. ಆದರೂ ಊಟ ಮುಗಿಸಿಯೇ ಎದ್ದೆ.

ಸ್ವಲ್ಪ ಕಾಲದ ಮೇಲೆ ಹಿರೇಕೆರೂರಿನ ಚಿಕ್ಕವ್ವ ಹೇಳಿ ಕಳಿಸಿದಳು. ಅಲ್ಲಿಯ ಅಂಗನವಾಡಿಯಲ್ಲಿ ಕೈಗೆ ಕೈ ಕೂಡಿಸುವವರು ಬೇಕಾಗಿತ್ತಂತೆ. ಅಕ್ಕ ಒಂದು ಟ್ರಂಕು ಎತ್ತಿಕೊಂಡು, ಹುಗ್ಗಿಯನ್ನು ಕರೆದುಕೊಂಡು ನನ್ನ ಗಾಡಿಯಲ್ಲೇ ಹೊರಟಳು. ದಾರಿಯುದ್ದಕ್ಕೂ ಅಕ್ಕಪಕ್ಕದಲ್ಲಿ ನಾವಿಬ್ಬರೇ. ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಬರುತ್ತಿರಲಿಲ್ಲ. ನಾನು ರಸ್ತೆಯ ತಗ್ಗುಗಳನ್ನು ಬೈಯುತ್ತ ಹೋದೆ.

ಮರುವರ್ಷ ಅಪ್ಪ ತೀರಿಕೊಂಡ. ಅಕ್ಕ ಬಂದು ಅತ್ತು, ಕಾರ್ಯ ಮುಗಿಸಿ ಹೋದಳು. ಆಗಲೂ ನಾನು ಹೇಳಲಿಲ್ಲ. ಹೆದರಲು ಯಾರೂ ಉಳಿದಿರಲಿಲ್ಲ, ಆದರೂ ಹೇಳಲಿಲ್ಲ.

ಕಡೆಯ ಸಲ ಅವಳನ್ನು ನೋಡಿದ್ದು ಹಿರೇಕೆರೂರಿನಲ್ಲಿ. ಸಂತೆಗೆ ಎಲೆ ಹಾಕಿ ಅಂಗನವಾಡಿ ಹುಡುಕಿಕೊಂಡು ಹೋದೆ. ಬಾಗಿಲಲ್ಲಿ ನಿಂತವನಿಗೆ ಕಂಡದ್ದು ಅಕ್ಕನ ಬಲಗೈ. ದೊಡ್ಡ ಬೋಗುಣಿಯಲ್ಲಿ ಅನ್ನ ಸಾರು ಕಲಸಿ ಮಕ್ಕಳ ತಟ್ಟೆಗೆ ಹಾಕುತ್ತಿತ್ತು. ಮಗುವನ್ನು ಕರೆದೊಯ್ಯಲು ಬಂದಿದ್ದ ತಾಯಿಯೊಬ್ಬಳು, ಮನೆಯಲ್ಲಿ ತುತ್ತು ಮುಟ್ಟದ ಹುಡುಗ ಈಕೆಯ ಕೈಯಲ್ಲಾದರೆ ತಾಟು ನೆಕ್ಕುತ್ತಾನೆ ಎಂದು ನನಗೆ ಹೇಳಿದಳು. ನಾನು ಸತ್ತಿದೆ ಎಂದುಕೊಂಡಿದ್ದ ಕೈ ಇಲ್ಲಿ ದಿನಾ ಊರ ಮಕ್ಕಳಿಗೆ ಉಣ್ಣಿಸುತ್ತಿತ್ತು.

"ಬಾರೋ ಬಸ್ಯಾ. ಏನ್ ಉಂಡ ಬಂದಿ?" ಎಂದಳು ಅಕ್ಕ.

"ಉಪ್ಪಿಟ್ಟು" ಎಂದೆ.

ನಾನು ಸವಣೂರಿನಿಂದ ಬಂದಿದ್ದೆ. ಬಾಗಿಲ ಬಳಿ ಮಲಗಿದ್ದ ಹುಗ್ಗಿ, ಈಗ ದೊಡ್ಡ ನಾಯಿ, ಎದ್ದು ಬಾಲ ಅಲ್ಲಾಡಿಸುತ್ತ ಬಂದು ನನ್ನ ಬಲಗೈ ಮೂಸಿತು. ಒಂದೊಂದೇ ಬೆರಳನ್ನು ನೆಕ್ಕತೊಡಗಿತು. ಅಕ್ಕ ಸೌಟು ಹಿಡಿದು ಅದನ್ನೇ ನೋಡಿದಳು.

"ಉಪ್ಪಿಟ್ಟಿಗೆ ಅದು ಹಿಂಗ ಮಾಡೂದಿಲ್ಲ" ಎಂದಳು.

ನಾನು ತಲೆ ತಗ್ಗಿಸಿದೆ. ಅವಳು ದನಿ ಏರಿಸದೆ, ಮಕ್ಕಳ ಕಡೆ ಒಂದು ಕಣ್ಣಿಟ್ಟು ಹೇಳಿದಳು. "ಆವತ್ತ ಕಕ್ಕಿದ್ರಾಗ ಎಲುಬಿನ ಚೂರಿತ್ತು. ತಿಪ್ಪ್ಯಾಗ ಮುಚ್ಚಿ ಬಂದೆ. ನಿನ್ನ ಗಾಡಿ ತಿರುಗಸಾಕ ಕಳಿಸಿ ಡಾಕ್ಟರಿಗೆ ನಾನ ಹೇಳಿದೆ. ನೀ ಎಲ್ಲಿ ಏನ್ ತಿಂದ್ರ ನನಗೇನೋ? ಅಪ್ಪನ ಅಂಜಿಕಿಗೆ ಸುಮ್ನದಾನ, ಇವತ್ತಲ್ಲ ನಾಳೆ ಹೇಳ್ತಾನ ಅಂತ ಕಾದೆ. ಅಪ್ಪ ಹ್ವಾದ. ಆ ಮ್ಯಾಲೂ ಬರಲಿಲ್ಲಲ್ಲೋ ನಿನ್ನ ಬಾಯಿಂದ."

"ನಿನ್ನ ಕೈಗುಣ ಹೋತು ಅಂತ ನಾ..."

"ಎಲ್ಲಿಗೂ ಹೋಗಿದ್ದಿಲ್ಲ. ನಿಮ್ಮ ಒಲಿ ಮುಂದ ಕುಂದ್ರಾಕ ಮನಸ ಬರಲಿಲ್ಲ. ಅಷ್ಟ."

ಮಕ್ಕಳು ಕೂಗಿದರು. ಅವಳು ಹೋಗಿ ಎರಡನೆಯ ಸಲ ಬಡಿಸಿದಳು. ನನಗೂ ಒಂದು ತಟ್ಟೆ ತರುತ್ತಾಳೆ ಎಂದು ಕಾದೆ. ತಂದದ್ದು ಒಂದು ಲೋಟ ನೀರು, ಕುದಿಸಿ ಆರಿಸಿದ್ದು.

"ಇದನ್ನ ಕುಡಿ. ಖರೇ ಹೇಳೂವಾಗ ಬಾ, ಉಣ್ಣಾಕ ಹಾಕ್ತೇನಿ."

ಕುಡಿದು ಬಂದೆ. ಊರಿಗೆ ಹೋಗಿ ಕಟ್ಟೆಯ ಮೇಲೆ ಕೂತವರಿಗೆಲ್ಲ ಹೇಳಬೇಕು, ಆಮೇಲೆ ಹೋಗಿ ಅವಳ ಕೈಯಲ್ಲಿ ಉಣ್ಣಬೇಕು ಎಂದುಕೊಂಡೆ. ಪ್ರತಿ ಸಂತೆಗೂ ಮುಂದಿನ ಸಂತೆಗೆ ಎಂದೆ. ಕಡೆಗೆ ಚಿಕ್ಕವ್ವನ ಫೋನ್ ಬಂತು. ಎದೆನೋವು ಎಂದು ಮಲಗಿದವಳು ಎದ್ದಿರಲಿಲ್ಲ.

ಮಣ್ಣು ಮಾಡಿ ಬಂದು ಎಲ್ಲರೂ ಕುಳಿತಿದ್ದೆವು. ಊರಿಂದ ಬಂದಿದ್ದ ಈರಪ್ಪಜ್ಜ ಕಣ್ಣು ಒರೆಸಿಕೊಂಡು, "ಎಂಥಾ ಕೈಯಿತ್ತು ಆಕಿದು. ಆ ಗಿಣ್ಣ ಒಂದ ಹಾಕಬಾರದಿತ್ತು ನೋಡ" ಎಂದ. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಯಾರೋ ಚಹಾದ ಕಪ್ಪು ಹಿಡಿದರು. ಚಹಾ ಕುಡಿದೆ.

ಹುಗ್ಗಿ ಈಗ ನಮ್ಮ ಮನೆಯಲ್ಲಿದೆ. ನಾನು ಗಾಡಿ ಇಳಿದ ಕೂಡಲೇ ಬಂದು ಕೈ ಮೂಸುತ್ತದೆ. ಹಾನಗಲ್ಲಿನ ಡಾಕ್ಟರು ಕೇಳಿದ್ದಕ್ಕೆ, ಅಕ್ಕ ಕೇಳಿದ್ದಕ್ಕೆ, ಇದು ನನ್ನ ಉತ್ತರ: ಹುಗ್ಗಿ ತಿಂದದ್ದು ಎಲುಬು. ತಿನ್ನಿಸಿದವನು ನಾನು. ಅಕ್ಕ ಕೊಟ್ಟದ್ದು ಒಂದು ಚಮಚ ಗಿಣ್ಣ. ಅದರಿಂದ ಯಾರಿಗೂ ಏನೂ ಆಗಲಿಲ್ಲ.