ಹೆಲಿಕಾಪ್ಟರ್ ಯಾಕೆ ಬರಲಿಲ್ಲ: ಯಾನ್ಬುವಿನಿಂದ ಜಿಜಾನ್‌ವರೆಗೆ

ಆಗಸ್ಟ್ ತಿಂಗಳ ಒಂದು ಬುಧವಾರ ಬೆಳಿಗ್ಗೆ ಏಳು ಗಂಟೆಗೆ ಯಾನ್ಬುವಿನ ಬಸ್ ನಿಲ್ದಾಣದಿಂದ ಹೊರಟೆ. ಕೈಯಲ್ಲಿ ಒಂದು ಚೀಲ, ಎರಡು ಜೊತೆ ಬಟ್ಟೆ, ನಾಲ್ಕು ದಿನದ ರಜೆ. ಜೆದ್ದಾಕ್ಕೆ ನಾಲ್ಕು ಗಂಟೆಯ ದಾರಿ, ಅಲ್ಲಿಂದ ಜಿಜಾನ್‌ಗೆ ಇನ್ನೂ ಸುಮಾರು ಏಳುನೂರು ಕಿಲೋಮೀಟರ್. ಹೋಗುವಾಗಲೂ ವಿಮಾನ ಹತ್ತಬಹುದಿತ್ತು. ಆದರೆ ಜಿಜಾನ್‌ನಲ್ಲಿ ನಾನು ಆಡಬೇಕಿದ್ದ ಮಾತು ಇನ್ನೂ ಬಾಯಿಗೆ ಬಂದಿರಲಿಲ್ಲ. ದಾರಿ ಉದ್ದವಾದಷ್ಟೂ ಒಳ್ಳೆಯದು ಎಂದುಕೊಂಡೆ.

ನನ್ನ ಹೆಸರು ಇಸ್ಮಾಯಿಲ್, ಬಂಟ್ವಾಳ ಕಡೆಯವನು. ಹದಿನೇಳು ವರ್ಷ ಸೇನೆಯ ವಾಯುಯಾನ ಘಟಕಗಳಲ್ಲಿ ಹೆಲಿಕಾಪ್ಟರ್ ಮೆಕ್ಯಾನಿಕ್ ಆಗಿದ್ದು ಹವಾಲ್ದಾರನಾಗಿ ನಿವೃತ್ತನಾದೆ. ಈಗ ಯಾನ್ಬುವಿನ ಒಂದು ಕಾರ್ಖಾನೆಯಲ್ಲಿ ಪಂಪುಗಳನ್ನು ನೋಡಿಕೊಳ್ಳುತ್ತೇನೆ. ಹೊರಡುವುದಕ್ಕೆ ಎರಡು ವಾರ ಮೊದಲು ನನ್ನ ಫೋನಿಗೆ ಗೊತ್ತಿಲ್ಲದ ನಂಬರಿನಿಂದ ಒಂದು ಧ್ವನಿಸಂದೇಶ ಬಂದಿತ್ತು.

"ನಮಸ್ಕಾರ ಇಸ್ಮಾಯಿಲಣ್ಣ. ನಾನು ಯತೀಶ, ಸುಳ್ಯದವ. ಈಗ ಜಿಜಾನಲ್ಲಿ ಎಸಿ ರಿಪೇರಿ ಕೆಲಸ. ಲಾನ್ಸ್ ನಾಯಕ್ ದಿನೇಶನ ತಮ್ಮ. ಅವ ತೀರಿಕೊಂಡ ತಿಂಗಳು ನೀವು ಹಿಮನದಿಯ ಬೇಸಿನಲ್ಲಿ ಇದ್ರಂತೆ. ಹೆಲಿಕಾಪ್ಟರ್ ಯಾಕೆ ಬರ್ಲಿಲ್ಲ ಅಂತ ಕೇಳ್ಲಿಕ್ಕೆ ಉಂಟು. ಫೋನಲ್ಲಿ ಬೇಡ. ನನಗೆ ರಜೆ ಸಿಗುದಿಲ್ಲ, ನೀವು ಈ ಕಡೆ ಬಂದ್ರೆ ಹೇಳಿ."

ನಮ್ಮ ಘಟಕದಲ್ಲಿದ್ದು ನಿವೃತ್ತರಾದ ಒಬ್ಬರಿಂದ ಅವನಿಗೆ ನನ್ನ ನಂಬರ್ ಸಿಕ್ಕಿತ್ತು. ಅವನಿಗೆ ಗೊತ್ತಿದ್ದದ್ದು ನಾನು ಅಲ್ಲಿದ್ದೆ ಎನ್ನುವುದಷ್ಟೇ. ಆ ಬೆಳಿಗ್ಗೆ ಹೆಲಿಕಾಪ್ಟರ್ ಹಾರದಂತೆ ತಡೆದವನೇ ನಾನು ಎನ್ನುವುದು ಗೊತ್ತಿರಲಿಲ್ಲ.

ಬಸ್ಸಿನಲ್ಲಿ ಎಸಿ ಎಷ್ಟು ಜೋರಾಗಿತ್ತೆಂದರೆ ಪಕ್ಕದ ಸೀಟಿನ ಈಜಿಪ್ಟಿನವನು ತಲೆಗೆ ಟವೆಲ್ ಸುತ್ತಿಕೊಂಡು "ಬರ್ದ್, ಬರ್ದ್" ಎಂದು ಗೊಣಗಿದ. ಚಳಿ ಅಂತೆ. ನನಗೆ ನಗು ಬಂತು. ಲಡಾಖಿನ ಉತ್ತರದ ಆ ಹಿಮನದಿಯಲ್ಲಿ ನಾನು ಎರಡು ಚಳಿಗಾಲ ಕಳೆದಿದ್ದೇನೆ. ಕೈಗವಸು ಇಲ್ಲದೆ ಸ್ಪ್ಯಾನರ್ ಹಿಡಿದರೆ ಬೆರಳಿನ ಚರ್ಮ ಲೋಹಕ್ಕೆ ಅಂಟಿಕೊಂಡೇ ಬರುತ್ತಿತ್ತು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಬಿಸಿಗಾಳಿಯ ಕೊಳವೆಯಿಂದ ಎಂಜಿನ್ ಕಾಯಿಸಬೇಕು, ರೋಟರಿನ ರೆಕ್ಕೆಯ ಮೇಲಿನ ಹಿಮ ಉಜ್ಜಿ ತೆಗೆಯಬೇಕು. ಸೈನಿಕರ ಪೋಸ್ಟುಗಳಿದ್ದದ್ದು ಇನ್ನೂ ಮೇಲೆ. ಅಲ್ಲಿ ಹೆಲಿಕಾಪ್ಟರ್ ಅರ್ಧ ನಿಮಿಷವಷ್ಟೇ ನಿಲ್ಲುತ್ತಿತ್ತು. ಎಂಜಿನ್ ಆರಿಸುವಂತಿಲ್ಲ, ಆರಿಸಿದರೆ ಆ ತೆಳುಗಾಳಿಯಲ್ಲಿ ಮತ್ತೆ ಹೊತ್ತುತ್ತದೆ ಎಂಬ ಭರವಸೆ ಇಲ್ಲ.

ಜೆದ್ದಾ ತಲುಪಿದಾಗ ಹನ್ನೊಂದೂವರೆ. ನನ್ನ ಪರಿಚಯದ, ಬಟ್ಟೆ ವ್ಯಾಪಾರದ ಶಬ್ಬೀರ್ ಭಾಯಿ ಅಂಗಡಿಯ ಬಾಗಿಲಲ್ಲೇ ಕಾಯುತ್ತಿದ್ದರು. ಭಟ್ಕಳದವರು, ಮೂವತ್ತು ವರ್ಷದಿಂದ ಇಲ್ಲಿದ್ದಾರೆ. ಮರುದಿನ ಸ್ಯಾಂಪಲ್ ಬಟ್ಟೆಗಳನ್ನು ತೆಗೆದುಕೊಂಡು ಅವರೂ ಜಿಜಾನ್‌ಗೆ ಹೊರಟಿದ್ದರು. ಕಾರಲ್ಲಿ ಜಾಗ ಉಂಟು, ಬನ್ನಿ ಎಂದಿದ್ದರು. ಅವರ ಮನೆಯಲ್ಲಿ ಮಧ್ಯಾಹ್ನ ಮೀನು, ಅನ್ನ, ಮಾವಿನ ಉಪ್ಪಿನಕಾಯಿ. ಸಂಜೆ ಮಕ್ಕಳ ಇಂಗ್ಲಿಷ್ ಗಲಾಟೆ. ಯಾಕೆ ಹೋಗುತ್ತಿದ್ದೀರಿ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಗುರುವಾರ ನಸುಕಿನ ಫಜ್ರ್ ನಮಾಜು ಮುಗಿಸಿ ಹೊರಟೆವು. ಅಲ್ ಲೀತ್‌ನಲ್ಲಿ ತಮೀಸ್ ರೊಟ್ಟಿ, ಕಾಳು ಬೇಯಿಸಿ ಅರೆದ ಫೂಲ್, ಹಾಲಿನ ಚಹಾ. ರಸ್ತೆ ನೇರ, ಬಲಕ್ಕೆ ಕಣ್ಣಿಗೆ ಕಾಣದಷ್ಟು ದೂರದಲ್ಲಿ ಸಮುದ್ರ, ಎಡಕ್ಕೆ ಕಪ್ಪು ಗುಡ್ಡಗಳು. ಕುನ್ಫುದಾದಲ್ಲಿ ಸುಟ್ಟ ಮೀನಿನ ಊಟ ಮಾಡಿ ಹೊರಬಂದಾಗ ಕಾರಿನ ಮೀಟರ್ ಹೊರಗಿನ ಬಿಸಿ ನಲವತ್ತಾರು ಎಂದು ತೋರಿಸುತ್ತಿತ್ತು. ಇಳಿಹೊತ್ತಿನ ಅಸರ್ ನಮಾಜಿನ ನಂತರ ಜಿಜಾನಿನ ದೊಡ್ಡ ಅಂಗಡಿಯವನನ್ನು ಶಬ್ಬೀರ್ ಭಾಯಿ ಕಾಣಬೇಕಿತ್ತು. ಆತ ಮರುದಿನ ಊರಿಗೆ ಹೊರಡುವವನು. ಹಾಗಾಗಿ ಕಾರು ಓಡುತ್ತಿತ್ತು.

ಅಲ್ ಬಿರ್ಕ್ ದಾಟಿ ಅರ್ಧ ಗಂಟೆಯಾಗಿರಬೇಕು. ಇಬ್ಬರ ಫೋನೂ ಒಮ್ಮೆಗೇ ಕಿರುಚಿದವು. ಧೂಳುಗಾಳಿಯ ಎಚ್ಚರಿಕೆ. ತಲೆಯೆತ್ತಿ ನೋಡಿದರೆ ಎದುರಿಗೆ ಆಕಾಶ ಇರಲಿಲ್ಲ. ನೆಲದಿಂದ ಮೇಲಕ್ಕೆ ಕಂದು ಬಣ್ಣದ ಗೋಡೆಯೊಂದು ಎದ್ದು ನಮ್ಮತ್ತಲೇ ಬರುತ್ತಿತ್ತು.

"ದಾಟುವ. ಹತ್ತು ನಿಮಿಷದ ಆಟ ಇದು," ಎಂದು ಶಬ್ಬೀರ್ ಭಾಯಿ ಇನ್ನೂ ವೇಗ ಹೆಚ್ಚಿಸಿದರು.

ಗೋಡೆ ನಮ್ಮನ್ನು ನುಂಗಿತು. ಮೊದಲು ರಸ್ತೆಯ ಬಿಳಿ ಗೆರೆ ಹೋಯಿತು, ಆಮೇಲೆ ಕಾರಿನ ಬಾನೆಟ್ಟೇ ಮಸುಕಾಯಿತು. ಮರಳು ಗಾಜಿಗೆ ಬಡಿಯುವ ಸದ್ದಿನಲ್ಲಿ ಎಂಜಿನ್ ಕೇಳಿಸುತ್ತಿರಲಿಲ್ಲ.

"ರಸ್ತೆ ಬಿಟ್ಟು ಬಲಕ್ಕೆ ಇಳಿಸಿ," ಎಂದೆ.

"ಎಂತ ಹೇಳ್ತೀರಿ ನೀವು? ಈಗ ನಿಲ್ಲಿಸಿದ್ರೆ ಆ ಮನುಷ್ಯ ಸಿಗುದಿಲ್ಲ!"

"ಇಳಿಸಿ ಶಬ್ಬೀರ್ ಭಾಯಿ!" ನಾನು ಕೂಗಿದೆ. ಹಿಂದಿನ ದಿನಗಳ ಪರೇಡ್ ಮೈದಾನದ ದನಿ ಅದು, ನನಗೇ ಗೊತ್ತಿಲ್ಲದೆ ಬಂತು. ಅವರು ಬೆಚ್ಚಿ ಸ್ಟೀರಿಂಗ್ ತಿರುಗಿಸಿದರು. ಕಾರು ಜಲ್ಲಿಯ ಮೇಲೆ ಕುಲುಕುತ್ತಾ ಇಳಿದು ನಿಂತಿತು. "ಲೈಟ್ ಆರಿಸಿ. ಬ್ರೇಕಿನಿಂದ ಕಾಲು ತೆಗೀರಿ. ಹಿಂದಿನವ ನಮ್ಮ ಕೆಂಪು ದೀಪ ನೋಡಿ ರಸ್ತೆ ಇದೇ ಅಂತ ಬಂದು ಗುದ್ದುತ್ತಾನೆ."

ದೀಪ ಆರಿಸಿ ಒಂದು ನಿಮಿಷವೂ ಆಗಿರಲಿಲ್ಲ. ಎಡಗಡೆಯಿಂದ ಹಾರ್ನ್ ಕೂಗುತ್ತಾ ಭಾರಿ ವಾಹನವೊಂದು ಹಾದುಹೋಯಿತು. ನಮಗೆ ಅದು ಕಾಣಲೇ ಇಲ್ಲ. ಕಾರು ಅದರ ಗಾಳಿಗೆ ಅಲುಗಿತು, ಅಷ್ಟೇ. ಶಬ್ಬೀರ್ ಭಾಯಿಯ ತುಟಿ ಅಲ್ಲಾಹನ ಹೆಸರು ಹೇಳುತ್ತಿತ್ತು. ಅವರ ಕೈ ಇನ್ನೂ ಸ್ಟೀರಿಂಗ್ ಬಿಟ್ಟಿರಲಿಲ್ಲ.

ಎಂಜಿನ್ ಧೂಳು ಎಳೆದುಕೊಳ್ಳಬಾರದೆಂದು ಅದನ್ನೂ ಆರಿಸಿದೆವು. ಎಸಿ ನಿಂತು ಒಳಗೆ ಕಾವು ಏರತೊಡಗಿತು. ಒದ್ದೆ ಕರವಸ್ತ್ರ ಮುಖಕ್ಕೆ ಒತ್ತಿಕೊಂಡು ಕುಳಿತೆವು.

"ನಿಮಗೆ ಇದೆಲ್ಲ ಹೇಗೆ ಗೊತ್ತು?" ಎಂದು ಅವರು ಕೇಳಿದರು. "ಮತ್ತೆ, ಜಿಜಾನಲ್ಲಿ ನಿಮಗೆ ಎಂತ ಕೆಲಸ?"

ಆ ಬೇಗೆಯಲ್ಲಿ ಕೂತು ನಾನು ಮೊದಲ ಬಾರಿಗೆ ಒಬ್ಬರಿಗೆ ಎಲ್ಲವನ್ನೂ ಹೇಳಿದೆ.

ದಿನೇಶನಿದ್ದ ಪೋಸ್ಟಿನಿಂದ ಮುಂಜಾನೆ ರೇಡಿಯೋ ಸಂದೇಶ ಬಂದಿತ್ತು. ಶ್ವಾಸಕೋಶದಲ್ಲಿ ನೀರು ತುಂಬುವ ಕಾಯಿಲೆ. ಆ ಎತ್ತರದಲ್ಲಿ ಅದಕ್ಕೆ ಇರುವ ಮದ್ದು ಒಂದೇ, ಕೆಳಗಿಳಿಸುವುದು. ಆಕಾಶ ಸ್ವಚ್ಛವಾಗಿತ್ತು. ನಮ್ಮಲ್ಲಿ ಹೆಲಿಕಾಪ್ಟರುಗಳು ಯಾವಾಗಲೂ ಜೋಡಿಯಾಗಿಯೇ ಹೋಗಬೇಕು, ಒಂದಕ್ಕೆ ಏನಾದರೂ ಆದರೆ ಇನ್ನೊಂದು ಜಾಗ ತೋರಿಸಲಿ ಎಂದು. ಆ ದಿನ ಇದ್ದದ್ದೇ ಎರಡು. ಎಂಜಿನ್ ಎಣ್ಣೆಯ ದಾರಿಯಲ್ಲಿ ಅಯಸ್ಕಾಂತದ ಒಂದು ಬಿರಡೆ ಇರುತ್ತದೆ, ಒಳಗೆ ಲೋಹ ಸವೆದರೆ ಪುಡಿ ಬಂದು ಅದಕ್ಕೆ ಅಂಟುತ್ತದೆ. ನುಣುಪು ಪುಡಿಯಾದರೆ ಒರೆಸಿ ಹಾರಬಹುದು, ಚಕ್ಕೆಯಾದರೆ ಹಾರುವಂತಿಲ್ಲ. ನಾನು ಬಿಚ್ಚಿದ ಬಿರಡೆಯಲ್ಲಿ ಸಾಸಿವೆಯ ಅರ್ಧದಷ್ಟು ಒಂದು ಚಕ್ಕೆ ಇತ್ತು.

ಪೈಲಟ್ ಮೇಜರ್ ಸಾಹೇಬರು ಹೆಲ್ಮೆಟ್ ಹಾಕಿ ಸಿದ್ಧರಿದ್ದರು. "ಅದು ಪುಡಿ, ಇಸ್ಮಾಯಿಲ್. ಒರೆಸಿ ಸಹಿ ಹಾಕು. ಹೋಗಿ ಬರಲು ನಲವತ್ತು ನಿಮಿಷ," ಎಂದರು. ನಾನು ಹಾಕಲಿಲ್ಲ. "ಅಲ್ಲಿ ಮನುಷ್ಯ ಉಸಿರಿಗೆ ಒದ್ದಾಡುತ್ತಿದ್ದಾನೆ," ಎಂದರು. ನಾನು ಹಾಕಲಿಲ್ಲ. ಮೆಕ್ಯಾನಿಕ್ಕಿನ ಸಹಿ ಇಲ್ಲದೆ ಯಂತ್ರ ನೆಲ ಬಿಡುವಂತಿಲ್ಲ. ಕೆಳಗಿನ ನೆಲೆಯಿಂದ ಬದಲಿ ಹೆಲಿಕಾಪ್ಟರ್ ಹೊರಟಿತು. ಅದು ಬಂದು ಇಳಿಯುವ ಹೊತ್ತಿಗೆ ಮೇಲಿನ ಕಣಿವೆಯಲ್ಲಿ ಮೋಡ ಕೂತಿತ್ತು. ಮರುದಿನ ಬೆಳಿಗ್ಗೆ ತಂದದ್ದು ದಿನೇಶನ ಶವ. ಮನೆಗೆ ಹೋದ ಪತ್ರದಲ್ಲಿ ಹವಾಮಾನ ಎಂದಿತ್ತು. ಅದು ಸುಳ್ಳಲ್ಲ, ಅರ್ಧ ದಿನದ ಸತ್ಯ.

ಶಬ್ಬೀರ್ ಭಾಯಿ ಬಾಟಲಿಯ ನೀರಿನಿಂದ ಕರವಸ್ತ್ರವನ್ನು ಮತ್ತೆ ಒದ್ದೆ ಮಾಡಿಕೊಂಡರು. ಆಮೇಲೆ ಹೇಳಿದರು: "ನೀವೂ ಹವಾಮಾನ ಅಂತಲೇ ಹೇಳಿ. ಆ ಮನೆಯವರಿಗೆ ಒಂದು ಉತ್ತರ ಸಿಕ್ಕಿ ಆಗಿದೆ. ಈಗ ಹೋಗಿ ಯಾಕೆ ಕೆದಕ್ತೀರಿ? ಮತ್ತೆ, ಅವ ಸಿಟ್ಟಲ್ಲಿ ಏನಾದ್ರೂ ಮಾಡಿದ್ರೆ? ಇದು ನಮ್ಮ ಊರಲ್ಲ, ಇಸ್ಮಾಯಿಲ್ ಭಾಯಿ. ಒಂದು ಹೊಡೆದಾಟ ಆದ್ರೆ ಇಬ್ಬರ ಇಕಾಮಾನೂ ಹೋಗ್ತದೆ, ಇಲ್ಲಿ ಇರ್ಲಿಕ್ಕೆ ಪರವಾನಗಿಯೇ ಇರುದಿಲ್ಲ."

ಮುಕ್ಕಾಲು ಗಂಟೆಯ ಮೇಲೆ ಗಾಳಿ ತೆಳುವಾಯಿತು. ಮುಂದೆ ಎರಡು ಕಿಲೋಮೀಟರಿನಲ್ಲಿ ಒಂದು ಟ್ಯಾಂಕರ್, ನಮ್ಮ ಪಕ್ಕ ಹಾದುಹೋದದ್ದು ಅದೇ ಇರಬೇಕು, ಪಿಕಪ್ಪೊಂದರ ಹಿಂಭಾಗಕ್ಕೆ ಗುದ್ದಿ ಅಡ್ಡಲಾಗಿ ನಿಂತಿತ್ತು. ಇಬ್ಬರೂ ಚಾಲಕರು ರಸ್ತೆ ಬದಿಯಲ್ಲಿ ಜೀವಂತ ಕೂತಿದ್ದರು, ಒಬ್ಬನ ಹಣೆಯಿಂದ ರಕ್ತ ಸುರಿಯುತ್ತಿತ್ತು. ನಮ್ಮಲ್ಲಿದ್ದ ನೀರು ಕೊಟ್ಟು, ಹಣೆಗೆ ಸ್ಯಾಂಪಲ್ ಬಟ್ಟೆಯೊಂದನ್ನು ಕಟ್ಟಿ, ಆಂಬುಲೆನ್ಸ್ ಬರುವವರೆಗೆ ಕಾದೆವು. ಶಬ್ಬೀರ್ ಭಾಯಿ ಆ ಅಂಗಡಿಯವನ ಮಾತನ್ನೇ ಮತ್ತೆ ಎತ್ತಲಿಲ್ಲ. ಸಬಿಯಾ ಹತ್ತಿರ ರಸ್ತೆ ಬದಿಯಲ್ಲಿ ಮಲ್ಲಿಗೆ ಮಾರುತ್ತಿದ್ದರು. ಕಿಟಕಿ ಇಳಿಸಿದಾಗ ಆ ವಾಸನೆ ಒಳಗೆ ಬಂತು. ಸೂರ್ಯ ಮುಳುಗಿ ಮಗ್ರಿಬ್ ನಮಾಜಿನ ಹೊತ್ತಿಗೆ ಜಿಜಾನ್ ಸೇರಿದೆವು.

ಮರುದಿನ ಶುಕ್ರವಾರ. ಜುಮಾ ನಮಾಜು ಮುಗಿಸಿ ಯತೀಶ ಹೇಳಿದ ವಿಳಾಸಕ್ಕೆ ಹೋದೆ. ಬಂದರಿನ ಹಿಂದಿನ ಬೀದಿಯಲ್ಲಿ ಎರಡನೇ ಮಹಡಿಯ ಕೋಣೆ. ಅವನ ಜೊತೆಯವರು ಹೊರಗೆ ಹೋಗಿದ್ದರು. ಬಾಗಿಲು ತೆರೆದವನಿಗೆ ಮೂವತ್ತೈದರ ಆಸುಪಾಸು, ಅಗಲ ಭುಜ, ಕೈತುಂಬ ಗೀರುಗಳು. ಅಣ್ಣನ ಹೋಲಿಕೆ ಇತ್ತೇ ಎಂದರೆ ನನಗೆ ಗೊತ್ತಿಲ್ಲ. ಅಣ್ಣನನ್ನು ಜೀವಂತವಾಗಿ ನಾನು ನೋಡಿರಲಿಲ್ಲ.

ಚಹಾ ತಂದಿಟ್ಟು ಎದುರಿಗೆ ಕೂತ. ಊರಿನ ಸುದ್ದಿ ಎರಡು ಮಾತು. ಆಮೇಲೆ ನೇರವಾಗಿ ಕೇಳಿದ.

"ಇಸ್ಮಾಯಿಲಣ್ಣ, ಆ ದಿನ ಬೆಳಿಗ್ಗೆ ಹವೆ ಹೇಗಿತ್ತು?"

ಅವನ ಕಣ್ಣು ನನ್ನ ಮುಖ ಬಿಟ್ಟು ಕದಲಲಿಲ್ಲ. ಶಬ್ಬೀರ್ ಭಾಯಿ ಹೇಳಿಕೊಟ್ಟ ಮಾತು ನಾಲಿಗೆಯ ತುದಿಯಲ್ಲಿತ್ತು. ಮೋಡ ಇತ್ತು ಎಂದರೆ ಮುಗಿಯಿತು, ಚಹಾ ಕುಡಿದು ಹೊರಡಬಹುದು.

"ಚೆನ್ನಾಗಿತ್ತು," ಎಂದೆ. "ಮಧ್ಯಾಹ್ನದವರೆಗೂ ಚೆನ್ನಾಗಿತ್ತು."

ಅವನು ಉಸಿರು ಬಿಟ್ಟ. "ಮೋಡ ಅಂತ ಹೇಳಿದ್ದಿದ್ರೆ ನಿಮ್ಮನ್ನು ಈಗಲೇ ಕಳಿಸ್ತಿದ್ದೆ. ಅಣ್ಣ ಆ ದಿನ ಬೆಳಿಗ್ಗೆ ಅಮ್ಮನಿಗೆ ಫೋನ್ ಮಾಡಿದ್ದ. ಪೋಸ್ಟಿನ ಸ್ಯಾಟಲೈಟ್ ಫೋನಿಂದ, ಒಂದೇ ನಿಮಿಷ. ಸ್ವಲ್ಪ ಕೆಮ್ಮು ಉಂಟು, ಕೆಳಗೆ ಕರ್ಕೊಂಡು ಹೋಗ್ತಾರೆ, ಒಳ್ಳೆ ಬಿಸಿಲು ಬಿದ್ದಿದೆ ಅಂದ. ಆಮೇಲೆ ಹವಾಮಾನ ಅಂತ ಪತ್ರ ಬಂತು. ಅಮ್ಮ ಇವತ್ತಿಗೂ ಕೇಳ್ತಾಳೆ, ಬಿಸಿಲು ಇತ್ತಲ್ಲ ಅಂತ. ಯಾರು ನಿಲ್ಲಿಸಿದ್ದು?"

"ನಾನು."

ಚಕ್ಕೆಯ ವಿಷಯ ಹೇಳಿದೆ. ಸಹಿಯ ವಿಷಯ ಹೇಳಿದೆ. ಅವನು ಎದ್ದು ನಿಂತ, ಮುಷ್ಟಿ ಬಿಗಿದಿತ್ತು. ನಾನು ಕೂತಲ್ಲೇ ಇದ್ದೆ. ಹೊಡೆದರೆ ತಡೆಯಬಾರದು ಎಂದು ನಿರ್ಧರಿಸಿಕೊಂಡೆ. ಅವನು ಕಿಟಕಿಯ ಹತ್ತಿರ ಹೋಗಿ ನನಗೆ ಬೆನ್ನು ಹಾಕಿ ನಿಂತ.

"ಅದು ಬೀಳ್ತಿತ್ತಾ?" ಎಂದು ಅಲ್ಲಿಂದಲೇ ಕೇಳಿದ.

"ಗೊತ್ತಿಲ್ಲ. ಎಂಜಿನ್ ಬಿಚ್ಚಿದಾಗ ಒಂದು ಬೇರಿಂಗ್ ಸವೆದದ್ದು ಸಿಕ್ಕಿತಂತೆ. ಹತ್ತು ನಿಮಿಷ ತಡೆಯುತ್ತಿತ್ತೋ, ಐವತ್ತು ಗಂಟೆ ತಡೆಯುತ್ತಿತ್ತೋ, ಯಾರೂ ಹೇಳಲಿಲ್ಲ."

"ಇವತ್ತು ಆದ್ರೆ ಸಹಿ ಹಾಕ್ತೀರಾ?"

ಇಷ್ಟು ವರ್ಷ ನನ್ನನ್ನು ನಾನೇ ಕೇಳಿಕೊಂಡು ಉತ್ತರ ಕೊಡದೆ ಬಿಟ್ಟಿದ್ದ ಪ್ರಶ್ನೆ ಅದು. "ಇಲ್ಲ," ಎಂದೆ. "ಹಾಕುವುದಿಲ್ಲ, ಯತೀಶ."

"ಹೋಗಿ," ಎಂದ. ದನಿ ಏರಲಿಲ್ಲ. "ಈಗ ಹೋಗಿ. ಅಮ್ಮನಿಗೆ ನಾನೇ ಹೇಳ್ತೇನೆ."

ಮೆಟ್ಟಿಲು ಇಳಿದು ಸಂಜೆಯವರೆಗೆ ಸಮುದ್ರದ ದಂಡೆಯಲ್ಲಿ ಕೂತಿದ್ದೆ. ಶಬ್ಬೀರ್ ಭಾಯಿ ಬಂದು ಕಲ್ಲಿನ ಪಾತ್ರೆಯಲ್ಲಿ ಬೇಯಿಸುವ ಮೀನಿನ ಊಟಕ್ಕೆ ಕರೆದುಕೊಂಡು ಹೋದರು.

ಶನಿವಾರ ಬೆಳಿಗ್ಗೆ ನನಗೆ ಜೆದ್ದಾಕ್ಕೆ ವಿಮಾನವಿತ್ತು. ಹೋಟೆಲಿನಿಂದ ಹೊರಬಂದರೆ ಎದುರಿಗೆ ಒಂದು ವ್ಯಾನ್, ಅದರಲ್ಲಿ ಯತೀಶ. ನಿದ್ದೆಯಿಲ್ಲದ ಕಣ್ಣು. "ಕೂತ್ಕೊಳ್ಳಿ, ಬಿಡ್ತೇನೆ," ಎಂದ. ವಿಮಾನ ನಿಲ್ದಾಣದ ಮುಂದೆ ನನ್ನ ಚೀಲವನ್ನು ಅವನೇ ಇಳಿಸಿ ಕೊಟ್ಟ.

"ನನಗೆ ಸಿಟ್ಟು ಹೋಗ್ಲಿಲ್ಲ, ಇಸ್ಮಾಯಿಲಣ್ಣ."

"ಹೋಗಬೇಕು ಅಂತ ನಾನು ಬಂದದ್ದಲ್ಲ."

"ಅಮ್ಮನಿಗೆ ಹೇಳಿದೆ. ನಿಮ್ಮ ನಂಬರ್ ಕೇಳಿದ್ಳು. ಕೊಟ್ಟಿದ್ದೇನೆ." ಅಷ್ಟು ಹೇಳಿ ವ್ಯಾನ್ ಹತ್ತಿದ.

ವಿಮಾನ ಮೇಲೇರುವಾಗ ಕೆಳಗೆ ಜಿಜಾನ್ ಧೂಳಿನಲ್ಲಿ ಹಳದಿ ಗೆರೆಯಾಗಿ ಕಂಡಿತು. ಬಂದರಿನ ಹಿಂದಿನ ಆ ಬೀದಿ ಯಾವುದೆಂದು ಹುಡುಕಿದೆ, ಸಿಗಲಿಲ್ಲ. ಜೆದ್ದಾದಲ್ಲಿ ಇಳಿದು ಫೋನ್ ಆನ್ ಮಾಡಿದರೆ ಊರಿನ ನಂಬರಿನಿಂದ ಮೂರು ಕರೆ ಬಂದುಹೋಗಿದ್ದವು. ಲಗೇಜಿಗಾಗಿ ಜನ ನೂಕಾಡುತ್ತಿದ್ದ ಕಡೆಯಿಂದ ಸರಿದು, ಗೋಡೆ ಬದಿಯ ಕುರ್ಚಿಯಲ್ಲಿ ಕೂತು ಆ ನಂಬರಿಗೆ ಕರೆ ಮಾಡಿದೆ.

ಎತ್ತಿದವರು ಒಬ್ಬ ಹೆಂಗಸು, ವಯಸ್ಸಾದ ದನಿ. ನಾನು ಹೆಸರು ಹೇಳಿದೆ.

"ಹೆಲಿಕಾಪ್ಟರಿನ ವಿಷಯ ಯತೀಶ ಹೇಳಿದ. ಅದಕ್ಕೆ ಫೋನ್ ಮಾಡಿದ್ದಲ್ಲ," ಎಂದರು. "ಅವನನ್ನು ಕೆಳಗೆ ತಂದಾಗ ನೀವು ಅಲ್ಲಿ ಇದ್ರಾ?"

"ಇದ್ದೆ ಅಮ್ಮ. ಇಳಿಸಿದ ನಾಲ್ವರಲ್ಲಿ ನಾನೂ ಒಬ್ಬ."

"ಇಲ್ಲಿಗೆ ಬಂದದ್ದು ಪೆಟ್ಟಿಗೆ. ನಮಗೆ ಮುಖ ಸರಿಯಾಗಿ ನೋಡ್ಲಿಕ್ಕೆ ಆಗ್ಲಿಲ್ಲ. ಹೇಗಿದ್ದ ಅವ? ನೀವು ನೋಡಿದ್ದನ್ನೆಲ್ಲ ಹೇಳಿ. ನನಗೆ ಬೇರೆ ಕೆಲಸ ಇಲ್ಲ ಈಗ, ನಿಧಾನ ಹೇಳಿ."

ನಾನು ಕಣ್ಣು ಮುಚ್ಚಿದೆ. ಬೆಳಿಗ್ಗೆ ಎಂಟೂಕಾಲು ಗಂಟೆ, ಹೆಲಿಕಾಪ್ಟರಿನ ಬಾಗಿಲು ತೆಗೆದದ್ದು, ಹಸಿರು ಮಲಗುಚೀಲ, ಅದರ ಮೇಲೆ ಅವನ ಗೆಳೆಯರು ಹೊದಿಸಿದ್ದ ಇನ್ನೊಂದು ಕೋಟು. ಅಲ್ಲಿಂದ ಹೇಳಲು ಶುರುಮಾಡಿದೆ.