ಪಿ.ಟಿ. ಸರ್ ಹೇಳಿಕೊಟ್ಟ ಸೋಪಿನ ಪಾಠ

ಗುತ್ಯಪ್ಪ ಸರ್ ವಿಜ್ಞಾನದ ಪೀರಿಯಡ್ಡಿಗೆ ಬರುವಾಗಲೂ ಕೊರಳಲ್ಲಿ ವಿಷಲ್ ನೇತಾಡುತ್ತಿತ್ತು. ಕೈಯಲ್ಲಿ ಚಾಕ್‌ಪೀಸ್ ಇರುತ್ತಿತ್ತೋ ಇಲ್ಲವೋ, ಹೆಗಲ ಮೇಲೆ ಸ್ಕಿಪ್ಪಿಂಗ್ ಹಗ್ಗದ ಕಟ್ಟು ಮಾತ್ರ ತಪ್ಪುತ್ತಿರಲಿಲ್ಲ. ಬಾಗಿಲಲ್ಲೇ ನಿಂತು ಒಮ್ಮೆ ಊದುವುದು, "ಏಳಿ, ಮೈದಾನಕ್ಕೆ ನಡೀರಿ, ಕಾರ್ಬನ್ ಪಾಠ" ಎನ್ನುವುದು. ನಮ್ಮ ಬೆಂಚುಗಳಿಗೆ ಆ ವರ್ಷ ಬಹಳ ವಿಶ್ರಾಂತಿ ಸಿಕ್ಕಿತು.

ಅವರು ನಮ್ಮ ಪಿ.ಟಿ. ಮೇಷ್ಟ್ರು. ಹೊಸನಗರದಿಂದ ಮುಕ್ಕಾಲು ಗಂಟೆ ಬಸ್ಸಿನ ದಾರಿಯಲ್ಲಿದ್ದ ನಮ್ಮ ಹೈಸ್ಕೂಲಿಗೆ ಬಂದ ವಿಜ್ಞಾನದ ಮೇಡಂ ಮೂರೇ ತಿಂಗಳಿಗೆ ವರ್ಗ ಮಾಡಿಸಿಕೊಂಡು ಹೋಗಿಬಿಟ್ಟಿದ್ದರು. ಬದಲಿಗೆ ಯಾರೂ ಬರಲಿಲ್ಲ. ಅರ್ಧ ಪುಸ್ತಕ ಬಾಕಿ, ಎದುರಿಗೆ ಎಸ್ಸೆಸ್ಸೆಲ್ಸಿ. ಹೆಡ್‌ಮಾಸ್ಟರು ಸ್ಟಾಫ್‌ರೂಮಿನಲ್ಲಿ ಎಲ್ಲರ ಮುಖ ನೋಡಿದರಂತೆ, ಎಲ್ಲರೂ ಕಿಟಕಿ ನೋಡಿದರಂತೆ. ಕೊನೆಗೆ ಗುತ್ಯಪ್ಪ ಸರ್ ಎದ್ದು, "ಪಿಯುಸೀಲಿ ಸೈನ್ಸ್ ತಗಂಡು ಒಂದ್ಸಲ ಫೇಲಾಗಿ ಪಾಸಾದೋನು ನಾನು. ಫೇಲಾಗೋದು ಎಲ್ಲಿ ಅಂತಾದ್ರೂ ಗೊತ್ತು, ನಾನೇ ಮಾಡ್ತೀನಿ ಬಿಡಿ" ಎಂದರಂತೆ.

ಮೊದಲ ದಿನ ನಮಗೂ ಅದನ್ನೇ ಹೇಳಿದರು. "ನಂಗೆ ಎಲ್ಲ ಗೊತ್ತಿಲ್ಲ. ಗೊತ್ತಿಲ್ದಿದ್ದು ಕೇಳಿದ್ರೆ ಸೋಮವಾರ ಹೇಳ್ತೀನಿ." ಪ್ರತಿ ಭಾನುವಾರ ಸಾಗರದಲ್ಲಿದ್ದ ತಮ್ಮ ಗೆಳೆಯರೊಬ್ಬರ ಮನೆಗೆ ಹೋಗಿ, ವಾರದ ಪಾಠ ಹೇಳಿಸಿಕೊಂಡು ಬರುತ್ತಿದ್ದರು. ಆ ಗೆಳೆಯರು ವಿಜ್ಞಾನದ ಮೇಷ್ಟ್ರು. ಐವತ್ತು ದಾಟಿದ ಮನುಷ್ಯ ನೋಟ್‌ಬುಕ್ ಹಿಡಿದು ಟ್ಯೂಷನ್ನಿಗೆ ಹೋಗುವುದೆಂದರೆ ಏನು ತಮಾಷೆಯೇ! ನಾವು ಮಾತ್ರ ಅದನ್ನು ತಮಾಷೆ ಎಂದೇ ತಿಳಿದು ಬೇಕಾದಷ್ಟು ನಕ್ಕಿದ್ದೇವೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಅವರ ಪಾಠದ ಕ್ರಮವೇ ಬೇರೆ. "ಮೊದ್ಲು ಮೈಗೆ ಗೊತ್ತಾಗ್ಲಿ, ತಲೆಗೆ ಆಮೇಲೆ ತಾನಾಗೇ ಹತ್ತತ್ತೆ" ಎನ್ನುವುದು ಅವರ ಸಿದ್ಧಾಂತ. ಒಬ್ಬರು ಕಾರ್ಬನ್, ಸುತ್ತ ನಾಲ್ವರು ಹೈಡ್ರೋಜನ್, ಕೈಕೈ ಹಿಡಿದುಕೊಂಡರೆ ಮೀಥೇನ್ ಆಯಿತು ಎಂದರು. ಆದರೆ ಹುಡುಗರ ಕೈ ಹುಡುಗಿಯರು ಹಿಡಿಯುವುದುಂಟೇ? ಮೀಥೇನ್ ಕಟ್ಟುವುದರೊಳಗೆ ಅರ್ಧ ಕ್ಲಾಸು ಮುಖ ಮುಚ್ಚಿಕೊಂಡು ಓಡಿತ್ತು. ಮರುದಿನದಿಂದಲೇ ಸ್ಕಿಪ್ಪಿಂಗ್ ಹಗ್ಗ ಬಂದದ್ದು. ನಡುವೆ ಒಂದು ಹಗ್ಗವಾದರೆ ಏಕಬಂಧ, ಎರಡಾದರೆ ದ್ವಿಬಂಧ, ಮೂರಾದರೆ ತ್ರಿಬಂಧ. ಕಾರ್ಬನ್ ಆದವರ ಕೈಯಲ್ಲಿ ನಾಲ್ಕು ಹಗ್ಗದ ತುದಿ ಇರಲೇಬೇಕು. ಒಂದು ಕಡಿಮೆಯಾದರೆ ಸಾಕು, ವಿಷಲ್ ಊದಿ, "ಹೋಯ್, ನಾಲ್ಕನೇದು ಯಾರಪ್ಪ ಹಿಡೀತಾನೆ?" ಎಂದು ಕೂಗುತ್ತಿದ್ದರು. ಬ್ಯೂಟೇನನ್ನು ಉದ್ದಕ್ಕೂ ನಿಲ್ಲಿಸಿದರು, ಕವಲು ಒಡೆದೂ ನಿಲ್ಲಿಸಿದರು. ಬೆಂಜೀನಿಗೆ ಹನ್ನೆರಡು ಜನ ಬೇಕು. ಹಗ್ಗ ಸಾಲದೆ ಹುಡುಗರ ಬೆಲ್ಟು ಬಿಚ್ಚಿಸಿದರು. ಒಬ್ಬನ ಚಡ್ಡಿ ಜಾರಿ ಆ ದಿನದ ಬೆಂಜೀನ್ ಅಲ್ಲಿಗೇ ಒಡೆಯಿತು.

ನನಗೆ ಈ ಆಟದ ಜರೂರು ಎಲ್ಲರಿಗಿಂತ ಹೆಚ್ಚಿತ್ತು. ನನ್ನ ಅಕ್ಕ ವಿಜ್ಞಾನದಲ್ಲೇ ನಪಾಸಾಗಿ, ಮತ್ತೆ ಪರೀಕ್ಷೆಗೆ ಕೂರದೆ ಮನೆಯಲ್ಲಿ ಉಳಿದವಳು. ನಾನೂ ಎರಡು ಪ್ರಿಪರೇಟರಿಯಲ್ಲಿ ವಿಜ್ಞಾನಕ್ಕೆ ಮುಗ್ಗರಿಸಿದ್ದೆ. ಅಪ್ಪಯ್ಯ ಬೈಯಲಿಲ್ಲ. "ಈ ಸಲ ಆಗ್ದಿದ್ರೆ ಸಾಕು ಕಣೆ, ಓದಿದ್ದು" ಎಂದರು, ಅಷ್ಟೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಆ ಮಾತು ಕೇಳಿದ ಮೇಲೆ ಬಡಿಸಿದ್ದರಲ್ಲಿ ಅರ್ಧ ತಟ್ಟೆಯಲ್ಲೇ ಉಳಿಯುತ್ತಿತ್ತು.

ಸೋಪಿನ ಪಾಠ ಬಂದದ್ದು ಕೊನೆಯಲ್ಲಿ. ಸೋಪಿನ ಕಣಕ್ಕೆ ಒಂದು ತಲೆ, ಒಂದು ಉದ್ದ ಬಾಲ. ಒಂದಕ್ಕೆ ನೀರು ಇಷ್ಟ, ಇನ್ನೊಂದಕ್ಕೆ ಜಿಡ್ಡು ಇಷ್ಟ. ಅವೆಲ್ಲ ಜಿಡ್ಡನ್ನು ಸುತ್ತುವರಿದು ಎತ್ತಿಕೊಂಡು ಹೋಗುತ್ತವೆ, ಬಟ್ಟೆ ಸ್ವಚ್ಛವಾಗುತ್ತದೆ. ಸರ್ ಮೈದಾನದ ನಡುವೆ ಚಕ್ಕಳಮಕ್ಕಳ ಹಾಕಿ ಕೂತು, "ನಾನೇ ಜಿಡ್ಡು. ನೀವು ಸೋಪು. ನನ್ನ ಸುತ್ತ ಮಲ್ಕಳಿ" ಎಂದರು. ಮಲಗಿದೆವು. ಮೇಷ್ಟ್ರ ಕಡೆಗೆ ಕಾಲು ಚಾಚಿ ಮಲಗಲು ಯಾರಿಗೆ ಧೈರ್ಯ? ಯಾರೂ ಯಾರನ್ನೂ ಕೇಳಲಿಲ್ಲ, ಇಪ್ಪತ್ತೆಂಟು ಜನವೂ ತಲೆಯನ್ನು ಅವರ ಕಡೆಗಿಟ್ಟು, ಕಾಲನ್ನು ಆಚೆ ಹಾಕಿ ಮಲಗಿದೆವು. ಸರ್ ಸುತ್ತ ನೋಡಿ, "ಹಾಂ, ಹಿಂಗೇ!" ಎಂದು ಖುಷಿಯಿಂದ ತಲೆಯಾಡಿಸಿ, ಕ್ಲಾಸಿಗೆ ಬಂದು ಅದನ್ನೇ ಬೋರ್ಡಿನ ಮೇಲೆ ಬರೆದರು. ತಲೆಗಳು ಜಿಡ್ಡಿನಲ್ಲಿ, ಬಾಲಗಳು ನೀರಿನಲ್ಲಿ. ಪುಸ್ತಕದಲ್ಲಿ ಚಿತ್ರ ಸರಿಯಾಗಿಯೇ ಇತ್ತು. ಆದರೆ ನೋಟ್ಸ್ ಇರುವಾಗ ಪುಸ್ತಕ ಯಾರು ತೆರೆಯುತ್ತಾರೆ!

ವಿಜ್ಞಾನ ಪರೀಕ್ಷೆಯ ಹಿಂದಿನ ದಿನ ಸರ್ ಏನೋ ಕೆಲಸಕ್ಕೆಂದು ಸಾಗರದ ಬಸ್ಸು ಹತ್ತಿದ್ದರಂತೆ. ಪಕ್ಕದ ಸೀಟಿನಲ್ಲಿ ಬೇರೆ ಶಾಲೆಯ ಹುಡುಗಿಯೊಬ್ಬಳು ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಅದೇ ಚಿತ್ರ ಬಿಡಿಸುತ್ತಿದ್ದಳು. ಬಾಲ ಒಳಗೆ, ತಲೆ ಹೊರಗೆ. "ಉಲ್ಟಾ ಬರ್ದಿದೀಯಲ್ಲೇ" ಎಂದು ಇವರೇ ತಿದ್ದಲು ಹೋದರಂತೆ. ಅವಳು ಪುಸ್ತಕ ತೆಗೆದು ತೋರಿಸಿದಳಂತೆ. ಸರ್ ಅಲ್ಲೇ ಬಸ್ಸು ನಿಲ್ಲಿಸಿ ಇಳಿದು, ಎದುರಿಂದ ಬಂದ ಬಸ್ಸು ಹತ್ತಿ ಹೊಸನಗರಕ್ಕೆ ವಾಪಸು ಬಂದರು.

ಫೋನಿಗೆ ಸಿಕ್ಕವರಿಗೆ ಫೋನಿನಲ್ಲೇ ಹೇಳಿದರು. ಆದರೆ ನಮ್ಮ ಕಡೆಯ ಹಳ್ಳಿಗಳಲ್ಲಿ ಸಿಗ್ನಲ್ ಬೇಕಾದರೆ ಗುಡ್ಡ ಹತ್ತಬೇಕು. ನಮ್ಮಲ್ಲಿ ಔಷಧಿಯಿಂದ ಹಿಡಿದು ಮದುವೆ ಕಾಗದದವರೆಗೆ ಎಲ್ಲವೂ ಬಸ್ಸಿನ ಕಂಡಕ್ಟರ ಕೈಯಲ್ಲೇ ಊರಿಗೆ ಬರುವುದು. ಸರ್ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು, ಒಬ್ಬೊಬ್ಬರ ಹೆಸರಿಗೂ ಒಂದೊಂದು ಚೀಟಿ ಬರೆದರು. "ಸೋಪಿನ ಬಾಲ ಜಿಡ್ಡಿಗೆ, ತಲೆ ನೀರಿಗೆ. ನಾನು ತಪ್ಪು ಹೇಳಿಕೊಟ್ಟಿದ್ದೆ. ನಿಮ್ಮ ತಪ್ಪಲ್ಲ." ಕೆಳಗೆ ಚಿತ್ರ, ಸಹಿ. ಹಳ್ಳಿ ಕಡೆ ಹೊರಟ ಬಸ್ಸಿಗೆಲ್ಲ ಹಂಚಿದರು. ಒಬ್ಬ ಕಂಡಕ್ಟರಂತೂ ಸ್ಟಾಪು ಸ್ಟಾಪಿನಲ್ಲೂ ಬಾಗಿಲಲ್ಲಿ ಜೋತುಬಿದ್ದು, "ಹತ್ತನೇ ಕ್ಲಾಸಿನೋರು ಯಾರಿದ್ರೀ? ನಿಮ್ ಪಿ.ಟಿ. ಮೇಷ್ಟ್ರು ಸೋಪಿನ ಬಾಲ ತಿರುಗ್ಸಿ ಅಂದಾರೆ!" ಎಂದು ಕೂಗಿಕೊಂಡು ಹೋದನಂತೆ. ಪೇಟೆಯೆಲ್ಲ ನಕ್ಕಿತು. ಸರ್ ಅದಕ್ಕೆಲ್ಲ ಕ್ಯಾರೇ ಅನ್ನಲಿಲ್ಲ.

ಸಂಜೆಗೆ ಎಲ್ಲ ಕಂಡಕ್ಟರುಗಳೂ "ಮುಟ್ಟಿಸ್ದೆ ಸರ್" ಎಂದರು. ನಮ್ಮೂರಿನ ಬಸ್ಸೊಂದು ಮಾತ್ರ ಅರ್ಧ ದಾರಿಯಲ್ಲಿ ಕೆಟ್ಟು ನಿಂತು, ಚೀಟಿ ತಿರುಗಿ ಬಂತು. ಅದು ನನ್ನದು.

ಇದೊಂದೂ ನನಗೆ ಗೊತ್ತಿರಲಿಲ್ಲ. ಬಸ್ಸು ನಂಬುವಂತಿಲ್ಲವೆಂದು ಮರುದಿನ ಅಪ್ಪಯ್ಯ ನನ್ನನ್ನು ಬೈಕಿನಲ್ಲಿ ಹೊಸನಗರದ ಪರೀಕ್ಷಾ ಕೇಂದ್ರಕ್ಕೆ ಕರೆದುಕೊಂಡು ಹೊರಟರು. ನಾನು ಹಿಂದೆ ಕೂತು, ಕಣ್ಣು ಮುಚ್ಚಿ, ತಲೆಗಳನ್ನೆಲ್ಲ ಜಿಡ್ಡಿಗೆ ತುರುಕುತ್ತಿದ್ದೆ. ಪೇಟೆ ಶುರುವಾಗುವಲ್ಲಿ ವಿಷಲ್ ಕೇಳಿತು. ಅಪ್ಪಯ್ಯನ ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ. "ಸತ್ತ್ವಲ್ಲೇ, ಪೊಲೀಸು!" ಎಂದು ಗಾಡಿಯನ್ನು ಪಕ್ಕದ ಓಣಿಗೆ ತಿರುಗಿಸಿಬಿಟ್ಟರು. ಹಿಂದಿನಿಂದ ವಿಷಲ್ ಬಿಡದೆ ಬರುತ್ತಿತ್ತು. ಅಪ್ಪಯ್ಯ ಇನ್ನೂ ಜೋರು ಮಾಡಿದರು. ಓಣಿ ಒಂದು ಹೋಟೆಲಿನ ಹಿತ್ತಲಿನಲ್ಲಿ ಮುಗಿಯಿತು. ಮುಂದೆ ಸೌದೆ ರಾಶಿ. ಅಪ್ಪಯ್ಯ ಇಳಿದು ಕೈಮುಗಿಯುತ್ತಾ ತಿರುಗಿದರೆ, ಬೆವರು ಸುರಿಸಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು ನಿಂತವರು ಗುತ್ಯಪ್ಪ ಸರ್!

"ಎಂತ ಮಾರಾಯ್ರೆ, ಈ ವಯಸ್ಸಲ್ಲಿ ಓಡಿಸ್ತೀರಲ್ಲ" ಎಂದು ಏದುಸಿರು ಬಿಡುತ್ತಾ, ಸೊಂಟಕ್ಕೆ ಕೈಕೊಟ್ಟು ನನ್ನ ಕಡೆ ನೋಡಿದರು. "ಸುಜಾತಾ, ಸೋಪಿನ ಚಿತ್ರ ಹೆಂಗ್ ಬರೀತೀಯ?"

"ತಲೆ ಜಿಡ್ಡಿಗೆ ಸರ್."

"ಅಲ್ಲ. ಬಾಲ ಜಿಡ್ಡಿಗೆ. ತಲೆ ನೀರಿಗೆ. ನಾನು ತಪ್ಪು ಹೇಳ್ಕೊಟ್ಟೆ. ಎಲ್ಲಿ, ಬರ್ದು ತೋರ್ಸು."

ಹೋಟೆಲಿನ ಹಿತ್ತಲ ಮಣ್ಣಿನಲ್ಲಿ, ಸೌದೆಯ ಚೂರಿನಿಂದ ಬರೆದೆ. ಎರಡು ಸಲ ಬರೆಸಿದರು. ಅಪ್ಪಯ್ಯ ಬೆಕ್ಕಸಬೆರಗಾಗಿ ನಿಂತಿದ್ದರು. "ಇದನ್ನ ಹೇಳಕ್ಕೆ ಇಷ್ಟು ದೂರ ಓಡ್ಬಂದ್ರಾ ಸರ್?"

"ಮತ್ತೆ? ತಪ್ಪು ಕಲ್ಸಿದ್ದು ನಾನು, ಓಡೋದು ನೀವಾ?" ಎಂದರು ಸರ್. "ಹೊರಡಿ ಹೊರಡಿ, ಬೆಲ್ ಆಗತ್ತೆ."

ಆ ಪ್ರಶ್ನೆ ಬಂತು. ದೇವರಾಣೆ ಬಂತು! ಚಿತ್ರ ಬರೆದೆ, ಬಾಲಗಳೆಲ್ಲ ಒಳಗೇ ಹೋದವು. ಫಲಿತಾಂಶದ ದಿನ ವಿಜ್ಞಾನದಲ್ಲಿ ಪಾಸಿಗೆ ಬೇಕಾದದ್ದಕ್ಕಿಂತ ಒಂದೇ ಒಂದು ಅಂಕ ಹೆಚ್ಚು ಬಂದಿತ್ತು. ಅಪ್ಪಯ್ಯ ಅದನ್ನು ನಾಲ್ಕು ಸಲ ಓದಿಸಿಕೊಂಡರು. ನಾನು ಅಡುಗೆಮನೆಗೆ ಓಡಿ ಅಕ್ಕನನ್ನು ತಬ್ಬಿಕೊಂಡು ಹೊಟ್ಟೆ ತುಂಬ ಅತ್ತೆ. ಎಷ್ಟು ತಿಂಗಳಿಂದ ಎದೆಯ ಮೇಲೆ ಕೂತಿದ್ದ ಭಾರವೋ, ಆವತ್ತು ಇಳಿಯಿತು. ರಾತ್ರಿ ಊಟ ಎರಡು ಸಲ ಹಾಕಿಸಿಕೊಂಡೆ.

ಸರ್‌ಗೆ ಹೇಳಲೆಂದು ಶಾಲೆಗೆ ಹೋದಾಗ ಅವರು ತಮ್ಮ ಸಾಮಾನು ಕಟ್ಟುತ್ತಿದ್ದರು. ತೀರ್ಥಹಳ್ಳಿ ಕಡೆಗೆ ವರ್ಗವಾಗಿತ್ತು. ಇಪ್ಪತ್ತೆಂಟೂ ಜನ ಪಾಸೆಂದು ಅವರಿಗೆ ಆಗಲೇ ತಿಳಿದಿತ್ತು. "ಸದ್ಯ! ಬದುಕಿದೆ" ಎಂದು ಜಗುಲಿಯ ಮೇಲೆ ಕೂತೇಬಿಟ್ಟರು. ನಾನು ಧೈರ್ಯ ಮಾಡಿ, ಆವತ್ತು ಮೈದಾನದಲ್ಲಿ ನಾವು ಯಾಕೆ ಅವರ ಕಡೆ ತಲೆಯಿಟ್ಟು ಮಲಗಿದ್ದೆವು ಎಂಬುದನ್ನು ಹೇಳಿದೆ. ತಪ್ಪು ನಮ್ಮದೂ ಹೌದು ಎಂದೆ. ಅವರು ಜೋರಾಗಿ ನಕ್ಕರು. ನಗುತ್ತಾ ಕಣ್ಣು ಒರೆಸಿಕೊಂಡರು. "ಮರ್ಯಾದೆ ಕೊಟ್ಟು ಕೆಡಿಸಿದ್ರಲ್ಲೇ ನನ್ನ! ಇರ್ಲಿ ಬಿಡು, ನೋಡಿ ಸರಿ ಅಂದೋನು ನಾನೇ ಅಲ್ವಾ."

ಬಸ್ಸಿನವರೆಗೆ ಚೀಲ ಹಿಡಿದು ಹೋದೆ. ಕಿಟಕಿಯ ಪಕ್ಕ ಕೂತ ಮೇಲೆ ತಲೆ ಹೊರಗೆ ಹಾಕಿ, "ಸುಜಾತಾ, ಇನ್ನೂ ಏನಾದ್ರೂ ತಪ್ಪು ಹೇಳ್ಕೊಟ್ಟಿದ್ದು ಗೊತ್ತಾದ್ರೆ, ನೀನು ಎಲ್ಲೇ ಇರು, ಬಂದು ಹೇಳ್ತೀನಿ" ಎಂದರು. ಬಸ್ಸು ಹೊರಟಿತು.

ಅದೇ ಕೊನೆ. ಆಮೇಲೆ ಅವರನ್ನು ನೋಡಿಲ್ಲ. ನಾನೀಗ ಸಾಗರದಲ್ಲಿ ಅದೇ ಹತ್ತನೇ ತರಗತಿಗೆ ಅದೇ ಕಾರ್ಬನ್ ಪಾಠ ಮಾಡುತ್ತೇನೆ. ಅವರು ಹೇಳಿಕೊಟ್ಟದ್ದನ್ನೇ ಹೇಳುತ್ತೇನೆ. ಇಷ್ಟು ವರ್ಷವಾದರೂ ಸರ್ ಬಂದಿಲ್ಲವಾದ್ದರಿಂದ, ಉಳಿದದ್ದೆಲ್ಲ ಸರಿಯಾಗಿಯೇ ಇರಬೇಕು ಎಂದು ನೆಮ್ಮದಿಯಾಗಿದ್ದೇನೆ.