ಹೊಲಿದ ಅಕ್ಕಿಗಂಟು

ಆಗ ರಾಯದುರ್ಗದ ನಮ್ಮ ಓಣಿಯಲ್ಲಿ ಬೆಳಕು ಹರಿದ ಸ್ವಲ್ಪ ಹೊತ್ತಿಗೇ ಮಿಶನ್ನುಗಳ ಸದ್ದು ಶುರುವಾಗುತ್ತಿತ್ತು. ಮನೆಗೊಂದೋ ಎರಡೋ ಮಿಶನ್ನು, ಓಣಿಯ ತುದಿಯ ಶೆಡ್ಡಿನಲ್ಲಿ ಸಾಲಾಗಿ ಮೂವತ್ತು. ಊರಿಗೆ ಊರೇ ಜೀನ್ಸ್ ಪ್ಯಾಂಟು ಹೊಲಿಯುತ್ತಿದ್ದ ಕಾಲ. ಹಾಗೆ ಹೊಲಿಯುವ ಹೆಂಗಸರ ಮಕ್ಕಳನ್ನು ಹಗಲೆಲ್ಲ ನೋಡಿಕೊಳ್ಳುತ್ತಿದ್ದವಳು ನಮ್ಮವ್ವ. ಈಗಾದರೆ ಅಂಥ ಮನೆಗೆ ಬೋರ್ಡು ಹಾಕುತ್ತಾರೆ, ಗೋಡೆಯ ಮೇಲೆ ಚಿಟ್ಟೆ ಬರೆಸುತ್ತಾರೆ. ನಮ್ಮ ಮನೆಗೆ ಬೋರ್ಡೂ ಇರಲಿಲ್ಲ, ಸುಣ್ಣವೂ ಇರಲಿಲ್ಲ. "ಈರಕ್ಕನ ಮನಿಗಿ ಬಿಟ್ಟು ಬರ್ತೀನಿ" ಅಂದರೆ ಎಲ್ಲರಿಗೂ ತಿಳಿಯುತ್ತಿತ್ತು.

ನಾನು ನಾಲ್ಕನೇ ಕ್ಲಾಸು ಮುಗಿಸಿ ರಜೆಯಲ್ಲಿದ್ದ ಬೇಸಿಗೆಯ ಮಾತು ಇದು. ಒಂಬತ್ತು ಮಕ್ಕಳು ಬರುತ್ತಿದ್ದವು, ನನ್ನನ್ನೂ ಸೇರಿಸಿದರೆ ಹತ್ತು. ಎಲ್ಲರೂ ನಮ್ಮ ಪಡಸಾಲೆಯಲ್ಲಿ ದಾರ ಮುಗಿದ ಕೋನುಗಳನ್ನು ಸಾಲಾಗಿ ನಿಲ್ಲಿಸಿ ಬಸ್ಸಿನಾಟ ಆಡುತ್ತಿದ್ದೆವು. ಹಿತ್ತಾಳೆ ಗುಂಡಿಗಳೇ ಟಿಕೆಟ್ಟಿನ ದುಡ್ಡು. ಆ ಬಸ್ಸು ದಿನಾ ಬೆಂಗಳೂರಿಗೇ ಹೋಗುತ್ತಿತ್ತು, ಯಾಕೆಂದರೆ ಅರ್ಧ ಮಕ್ಕಳ ಅಪ್ಪಂದಿರು ಅಲ್ಲಿದ್ದರು. ಆಂಧ್ರದ ಗಡಿಯ ಊರು ನಮ್ಮದು, ಕೆಲವು ಮಕ್ಕಳು ಕನ್ನಡದಲ್ಲಿ ಜಗಳಾಡಿ ತೆಲುಗಿನಲ್ಲಿ ಅಳುತ್ತಿದ್ದವು. "ಆಕಲಿ" ಅಂದರೂ "ಹಸಿವು" ಅಂದರೂ ಅವ್ವ ಒಂದೇ ಥರ ಎದ್ದು ಒಲೆಯ ಕಡೆಗೆ ಹೋಗುತ್ತಿದ್ದಳು. ಸಂಜೆ ತಾಯಂದಿರು ಬಂದು ಕೆನ್ನೆ ಹಿಡಿದು ಮುದ್ದಾಡಿದರೆ ಮಕ್ಕಳ ಕೆನ್ನೆಗೆ ಜೀನ್ಸಿನ ನೀಲಿ ಹತ್ತುತ್ತಿತ್ತು.

ಆ ಹೆಂಗಸರಿಗೆ ಶನಿವಾರ ಬಟವಾಡೆ. ಅದರಲ್ಲಿ ಅವರು ಅವ್ವನಿಗೆ ಕೊಡುತ್ತಿದ್ದುದು ಬೇಳೆ, ಎಣ್ಣೆ, ಉಪ್ಪು, ಹುಣಸೆಹಣ್ಣಿಗೆ ಸರಿಹೋಗುತ್ತಿತ್ತು. ಅದನ್ನೂ ಅವ್ವ ಎಳೆದು ಎಳೆದು ಸಾಕುಮಾಡುತ್ತಿದ್ದಳು. ಸಂತೆಗೆ ಹೊತ್ತು ಇಳಿದ ಮೇಲೆಯೇ ಹೋಗುವುದು. ಆಗ ನಜ್ಜಿದ ಟೊಮೆಟೊ, ಬಾಡಿದ ಬದನೆಕಾಯಿ ಗುಡ್ಡೆಯ ಲೆಕ್ಕದಲ್ಲಿ ಸಿಗುತ್ತಿತ್ತು. ತೊಗರಿಬೇಳೆ ತುಟ್ಟಿಯಾದರೆ ಹುರುಳಿ ಬೇಯಿಸಿ ಅದು ಬೆಂದ ನೀರಿನಲ್ಲೇ ಸಾರು ಮಾಡುತ್ತಿದ್ದಳು. ಹಿತ್ತಲಲ್ಲೇ ಬೆಳೆಯುವ ಹುಳಿಸೊಪ್ಪು ಪುಂಡಿಪಲ್ಯಕ್ಕೆ ದುಡ್ಡು ಕೊಡಬೇಕಿರಲಿಲ್ಲ, ಹಾಗಾಗಿ ವಾರದಲ್ಲಿ ಮೂರು ದಿನ ಪುಂಡಿಪಲ್ಯ. ನನಗೆ ಇವತ್ತಿಗೂ ಅದರ ವಾಸನೆ ಸೇರುವುದಿಲ್ಲ.

ಅಕ್ಕಿಯನ್ನು ಮಾತ್ರ ಅವ್ವನಿಂದ ಹೊಂದಿಸಲಾಗಲಿಲ್ಲ. "ನಿಮ್ ಕೂಸಿಂದು ಅಕ್ಕಿ ನೀವ ತರ್ರಿ" ಅಂದಳು. ತಂದರು. ಒಬ್ಬರದು ಸೋನಾ, ಒಬ್ಬರದು ರೇಷನ್ ಸ್ಟೋರಿನ ದಪ್ಪಕ್ಕಿ, ಒಬ್ಬರದು ನುಚ್ಚು. ಎಲ್ಲ ಒಂದೇ ಪಾತ್ರೆಗೆ ಸುರಿದರೆ ನುಚ್ಚು ಅಂಬಲಿಯಾಗಿ, ದಪ್ಪಕ್ಕಿ ಇನ್ನೂ ಹಲ್ಲಿಗೆ ಸಿಗುತ್ತಿತ್ತು. ಮೊದಲು ತಕರಾರು ತೆಗೆದವಳು ಶಾರದಕ್ಕ. ಶೆಡ್ಡಿನಲ್ಲಿ ಪ್ಯಾಂಟಿಗೆ ಜೇಬು ಕೂರಿಸುವುದರಲ್ಲಿ ಅವಳಷ್ಟು ಕೈ ಓಡುವವರು ಬೇರೆ ಇರಲಿಲ್ಲ. ಮಗ ಭರತನಿಗೆ ಆಗ ನಾಲ್ಕು ವರ್ಷ.

"ನೋಡ್ರಿ ಈರಕ್ಕ, ನಾ ಸೋನಾ ಕೊಡ್ತೀನಿ, ನನ್ ಮಗ ಮಂದಿ ನುಚ್ಚು ತಿಂತಾನ. ಇದು ಯಾವ ನ್ಯಾಯ ಹೇಳ್ರಿ?"

ಅದಕ್ಕೆ ಅವ್ವ ಒಂದು ಉಪಾಯ ಹುಡುಕಿದಳು. ಅಪ್ಪ ಕಟಿಂಗ್ ಮೇಜಿನ ಕೆಲಸದವನು. ಜೇಬಿನ ಒಳಗೆ ಹಾಕುವ ಬಿಳಿ ಬಟ್ಟೆಯ ತುಂಡುಗಳನ್ನು ಅವನು ತಂದುಕೊಟ್ಟ. ಅವ್ವ ಅವುಗಳ ಗಂಜಿ ಹೋಗುವಂತೆ ಮೂರು ಸಲ ಕುದಿಸಿ ಒಗೆದು, ಮಗುವಿಗೊಂದರಂತೆ ಚೀಲ ಹೊಲಿದಳು. ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ದಾರ. ಭರತನಿಗೆ ಕಿತ್ತಳೆ, ನನಗೆ ಕಪ್ಪು. ತಾಯಂದಿರು ಬೆಳಗ್ಗೆ ಮನೆಯಲ್ಲೇ ಅಕ್ಕಿ ತುಂಬಿ, ಬಾಯಿ ಕಟ್ಟಿ ತರುವುದು. "ಅರ್ಧದ ಮ್ಯಾಲೆ ತುಂಬಬ್ಯಾಡ್ರಿ. ಅಕ್ಕಿ ಉಬ್ಬಾಕ ಜಾಗ ಬೇಕು" ಅಂತ ಅವ್ವ ಪ್ರತಿಯೊಬ್ಬರಿಗೂ ಹೇಳಿದ್ದಳು. ದೊಡ್ಡ ಬೋಗುಣಿಯಲ್ಲಿ ಹತ್ತು ಗಂಟುಗಳು ಒಟ್ಟಿಗೆ ಬೇಯುತ್ತಿದ್ದವು. ಒಂದೇ ಒಲೆ, ಒಂದೇ ಹೊರೆ ಕಟ್ಟಿಗೆ, ಅವರವರ ಅನ್ನ ಅವರವರಿಗೆ. ಬೋಗುಣಿಯ ಗಂಜಿ ಮಾತ್ರ ಎಲ್ಲರದು. ಅದಕ್ಕೆ ಉಪ್ಪು ಹಾಕಿ ಮೂರು ಗಂಟೆಗೆ ಕೊಡುತ್ತಿದ್ದಳು. ಬೆಂದ ಬಟ್ಟೆಯ ಆ ವಾಸನೆ ನಮಗೆ ಅನ್ನದ ವಾಸನೆಯೇ ಆಗಿಹೋಗಿತ್ತು.

ಗಂಟುಗಳಲ್ಲೆಲ್ಲ ಚಿಕ್ಕದು ಗಂಗಿಯದು. ಅವಳ ತಾಯಿ ಓಬಳಮ್ಮ ಬೆಳುಗುಪ್ಪದ ಕಡೆಯವಳು. ಹೊಲಿಗೆ ಬಾರದ್ದರಿಂದ ಪ್ಯಾಂಟಿನಲ್ಲಿ ಜೋತಾಡುವ ದಾರ ಕತ್ತರಿಸುವ ಕೆಲಸ ಮಾಡುತ್ತಿದ್ದಳು. ಅದಕ್ಕೆ ಕೂಲಿ ಎಲ್ಲರಿಗಿಂತ ಕಡಿಮೆ. ಗಂಡ ಬೆಂಗಳೂರಿಗೆ ಹೋದವನು ದುಡ್ಡು ಕಳಿಸಿದರೆ ಕಳಿಸಿದ, ಇಲ್ಲದಿದ್ದರೆ ಇಲ್ಲ. ಗಂಗಿಯ ಗಂಟಿನಲ್ಲಿ ಕೆಲವು ದಿನ ಒಂದು ಹಿಡಿ ನುಚ್ಚು ಇರುತ್ತಿತ್ತು, ಕೆಲವು ದಿನ ಅದೂ ಇಲ್ಲ. ಆದರೂ ಆ ಹುಡುಗಿಯ ತಾಟು ಬರಿದಾಗಿದ್ದನ್ನು ನಾನು ನೋಡಿರಲಿಲ್ಲ. ಅದು ಹೇಗೆ ಅಂತ ಕೇಳಿಕೊಳ್ಳುವ ವಯಸ್ಸು ನನ್ನದಲ್ಲ. ಆದರೆ ನನ್ನ ಗಂಟು ದಿನದಿನಕ್ಕೆ ಸಣ್ಣದಾಗುತ್ತಿದೆ ಅಂತ ತಿಳಿಯುವ ವಯಸ್ಸಾಗಿತ್ತು.

ಒಂದು ದಿನ ಕದ್ದು ನೋಡಿದೆ. ಅವ್ವ ನಮಗೆ ಬೆನ್ನು ಮಾಡಿ, ಕೈ ತಣ್ಣೀರಿನಲ್ಲಿ ಅದ್ದಿಕೊಂಡು ಗಂಟು ಬಿಚ್ಚುತ್ತಿದ್ದಳು. ಒಂದೊಂದರಿಂದ ಒಂದೊಂದು ತುತ್ತು ತೆಗೆದು ಗಂಗಿಯ ತಾಟಿಗೆ ಹಾಕುತ್ತಿದ್ದಳು. ಎಂಟು ಮಕ್ಕಳ ಗಂಟಿನಿಂದ ಒಂದೊಂದು, ನನ್ನದರಿಂದ ಎರಡು.

"ನಂದ್ರಾಗ ಯಾಕ ಎರಡು ತಗೊಂತಿ?" ಅಂತ ಅವತ್ತೇ ಕೇಳಿದೆ.

"ನೀ ನನ್ ಮಗಳು, ಅದಕ್ಕ" ಅಂದಳು, ಬೋಗುಣಿ ತಿಕ್ಕುತ್ತ. "ಮಂದಿ ಮುಂದ ಬಾಯಿ ಬಿಡಬ್ಯಾಡ ಮತ್ತ."

ಮಗಳಾಗಿ ಹುಟ್ಟಿದ ತಪ್ಪಿಗೆ ಒಂದು ತುತ್ತು ಹೆಚ್ಚು ಕಳೆದುಕೊಳ್ಳಬೇಕೇ ಅಂತ ನಾನು ಮುಖ ಊದಿಸಿಕೊಂಡು ಕೂತೆ. ಹೊಟ್ಟೆಕಿಚ್ಚು ಅಂದರೆ ಹೊಟ್ಟೆಯೊಳಗೇ ಇರುತ್ತದೆ ಅಂತ ನನಗೆ ಗೊತ್ತಾಗಿದ್ದು ಆ ಬೇಸಿಗೆಯಲ್ಲಿ.

ಅದಾಗಿ ಎರಡು ದಿನಕ್ಕೆ ಶಾರದಕ್ಕ ಮಗನನ್ನು ಕರೆದೊಯ್ಯಲು ಬಂದಳು. ಅವ್ವ ಹಿತ್ತಲಲ್ಲಿದ್ದಳು. ಶಾರದಕ್ಕನ ಕೈಯಲ್ಲಿ ಖಾರಬೂಂದಿಯ ಪೊಟ್ಟಣವಿತ್ತು.

"ಯಾಕ ರೇಣಿ, ನಮ್ ಭರತ ಸಂಜಿ ಮನಿಗಿ ಬರತಿದ್ದಂಗ ಹಸಿವು ಹಸಿವು ಅಂತಾನ? ಲೋಟದ ತುಂಬ ಅಕ್ಕಿ ಹಾಕಿರ್ತೀನಿ. ಉಣ್ಣಂಗಿಲ್ಲೇನು?"

ನಾನು ಹೇಳಿಬಿಟ್ಟೆ. ಅವ್ವ ಎಲ್ಲರ ಗಂಟಿಗೂ ಕೈ ಹಾಕುತ್ತಾಳೆ, ತೆಗೆದು ಗಂಗಿಗೆ ಹಾಕುತ್ತಾಳೆ ಅಂತ. ಶಾರದಕ್ಕ ಬೂಂದಿ ಕೊಟ್ಟಳು, ನಾನು ತಿಂದೆ. ಬೂಂದಿಯ ಆಸೆಗೆ ಹೇಳಿದೆ ಅಂತ ಅನ್ನಬಹುದಾದರೆ ನನಗೆ ಸ್ವಲ್ಪ ಸಮಾಧಾನವಾದರೂ ಇರುತ್ತಿತ್ತು. ಆದರೆ ನಾನು ಹೇಳಿದ್ದು ಮೊದಲು, ಅವಳು ಕೊಟ್ಟದ್ದು ಆಮೇಲೆ.

ಮಾರನೇ ಬೆಳಗ್ಗೆ ಭರತನ ಗಂಟು ಗಂಟಾಗಿ ಬರಲಿಲ್ಲ. ನಾಲ್ಕೂ ಕಡೆ ಮಿಶನ್ನಿನಲ್ಲಿ ಹೊಲಿದುಕೊಂಡು ಬಂತು. ಕಿತ್ತಳೆ ದಾರ, ಜೋಡಿ ಹೊಲಿಗೆ, ಪ್ಯಾಂಟಿನ ಜೇಬಿಗೆ ಹಾಕುವಂಥದ್ದೇ. ಬಿಳಿ ಬಟ್ಟೆಯ ಮೇಲೆ ಶಾರದಕ್ಕನ ನೀಲಿ ಬೆರಳಚ್ಚು.

ಅವ್ವ ಅದನ್ನು ಕೈಯಲ್ಲಿ ತಿರುಗಿಸಿ ನೋಡಿದಳು. "ಇದೇನವ್ವಾ ಶಾರದಾ?"

"ಏನಿಲ್ರಿ ಈರಕ್ಕ. ಕಟ್ಟಿದ್ದು ಬಿಚ್ಚತೈತಿ. ಹೊಲದ್ರ ಗಟ್ಟಿ ಇರತೈತಿ."

"ಜಾಗ ಇಲ್ಲದಂಗ ಹೊಲದೀಯಲ್ಲ. ಅಕ್ಕಿ ಬೇಯಾದಿಲ್ಲ ನೋಡು."

"ಬೇಯದಿದ್ರ ನಮ್ ಹುಡುಗ ಹಂಗ ತಿಂತಾನ ಬಿಡ್ರಿ. ನಮ್ದು ನಮಗ ಮುಟ್ಟಿದ್ರ ಸಾಕು."

ಅವ್ವ ನನ್ನ ಕಡೆ ನೋಡಿದಳು. ನಾನು ಕೋನು ಜೋಡಿಸುತ್ತಿದ್ದೆ. ಅವಳಿಗೆ ತಿಳಿಯಿತು ಅಂತ ನನಗೂ ತಿಳಿಯಿತು.

ಅವತ್ತು ಮಧ್ಯಾಹ್ನ ಭರತನ ಚೀಲ ಚೆಂಡಿನ ಹಾಗೆ ಬಿಗಿದುಕೊಂಡಿತ್ತು. ಅವ್ವ ದಾರ ಕತ್ತರಿಸುವ ಕಟ್ಟರಿನಿಂದ ಸೀಳಿದಳು. ಹೊರಗೆ ಬೆಂದಿತ್ತು, ಒಳಗೆ ಅಕ್ಕಿ ಅಕ್ಕಿಯೇ ಇತ್ತು. ಹುಡುಗ ಅರ್ಧ ಉಗುಳಿದ. ಅಷ್ಟಕ್ಕೂ ಶಾರದಕ್ಕ ಹೊಲಿಯುವುದನ್ನು ಬಿಡಲಿಲ್ಲ, ಚೀಲವನ್ನು ಸ್ವಲ್ಪ ದೊಡ್ಡದು ಮಾಡಿದಳು ಅಷ್ಟೇ. ಸುದ್ದಿ ಶೆಡ್ಡಿನಲ್ಲಿ ಹಬ್ಬಿತು. ದಿನವಿಡೀ ಮಿಶನ್ನಿನ ಮುಂದೆಯೇ ಕೂತಿರುವವರಿಗೆ ದಿನಕ್ಕೊಂದು ಚೂರು ಬಟ್ಟೆ, ನಾಲ್ಕು ಹೊಲಿಗೆ ಯಾವ ಮಹಾ ಕೆಲಸ? ವಾರ ಕಳೆಯುವುದರೊಳಗೆ ಎಂಟು ಚೀಲಗಳೂ ಹೊಲಿದುಕೊಂಡೇ ಬರತೊಡಗಿದವು. ಅವ್ವನ ಎದುರಿಗೆ ಯಾರೂ ಒಂದು ಕೆಟ್ಟ ಮಾತು ಆಡಲಿಲ್ಲ. ನಗುತ್ತಲೇ ಕೊಟ್ಟು ಹೋಗುತ್ತಿದ್ದರು. ಅವ್ವ ಅವನ್ನು ಅವರವರ ಮಕ್ಕಳ ತಾಟಿನ ಮೇಲೇ ಇಟ್ಟು, ಎಲ್ಲರ ಕಣ್ಣೆದುರು ಸೀಳುತ್ತಿದ್ದಳು. ಊಟದ ಹೊತ್ತಿಗೆ ನಮ್ಮ ಮನೆಯಲ್ಲಿ ಬಟ್ಟೆ ಹರಿಯುವ ಸದ್ದು ಕೇಳುತ್ತಿತ್ತು.

ದಾರ ಕಟ್ಟಿದ ಗಂಟು ಉಳಿದದ್ದು ಎರಡೇ, ಗಂಗಿಯದು ಮತ್ತು ನನ್ನದು. ಅವ್ವ ನನ್ನದನ್ನು ಬಿಚ್ಚಿ ಸರಿಯಾಗಿ ಅರ್ಧ ಮಾಡಿ ಗಂಗಿಗೆ ಹಾಕಿದಳು. ಮಾರನೇ ದಿನವೂ ಹಾಗೇ ಮಾಡಿದಳು. ಅವ್ವನಿಗೆ ಗಂಟೇ ಇಲ್ಲ, ಅವಳ ಮಧ್ಯಾಹ್ನ ಬರೀ ಗಂಜಿಯಲ್ಲಿ ಕಳೆಯುತ್ತದೆ ಅನ್ನುವುದು ನನ್ನ ಕಣ್ಣೆದುರಿಗೇ ಇತ್ತು. ಆದರೆ ನನಗೆ ಕಂಡದ್ದು ನನ್ನ ತಾಟು ಮಾತ್ರ.

ಮೂರನೇ ಬೆಳಗ್ಗೆ ನಾನು ಸೂಜಿ ತಗೊಂಡೆ. ಕಪ್ಪು ದಾರ ಪೋಣಿಸಿ, ನನ್ನ ಚೀಲದ ಬಾಯನ್ನು ಅಕ್ಕಿಯ ಹತ್ತಿರಕ್ಕೇ ಎಳೆದು ಒತ್ತೊತ್ತಾಗಿ ಹೊಲಿದೆ. ಮಿಶನ್ನಿನ ಹೊಲಿಗೆಯಷ್ಟು ನೆಟ್ಟಗಿರಲಿಲ್ಲ, ಆದರೆ ಗಟ್ಟಿಯಾಗಿತ್ತು. ಉಳಿದ ಚೀಲಗಳ ನಡುವೆ ಇಟ್ಟೆ.

ಅವ್ವ ಒಂದೊಂದೇ ತೆಗೆದು ಬೋಗುಣಿಗೆ ಬಿಡುತ್ತಿದ್ದವಳು ನನ್ನದು ಕೈಗೆ ಬಂದಾಗ ನಿಂತಳು. ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದಳು. ಬೈಯುತ್ತಾಳೆ, ಹೊಡೆಯುತ್ತಾಳೆ ಅಂತ ಕಾದೆ. ಅವಳು ಅದನ್ನೂ ಉಳಿದವುಗಳ ಹಾಗೆಯೇ ಕುದಿಯುವ ನೀರಿಗೆ ಬಿಟ್ಟಳು.

ಮಧ್ಯಾಹ್ನ ನನ್ನ ಚೀಲವನ್ನು ನನ್ನ ತಾಟಿನಲ್ಲಿಟ್ಟು, ಪಕ್ಕಕ್ಕೆ ಕಟ್ಟರ್ ಇಟ್ಟಳು. ಸೀಳಿದೆ. ನಡುವೆ ಅಕ್ಕಿ ಕಟಕಟ ಅನ್ನುತ್ತಿತ್ತು. ಹಟಕ್ಕೆ ಅಷ್ಟನ್ನೂ ಅಗಿದು ನುಂಗಿದೆ. ಗಂಗಿಯ ಗಂಟಿನಲ್ಲಿ ಅವತ್ತು ಮೂರು ತುತ್ತಿನಷ್ಟು ನುಚ್ಚು ಇತ್ತು. ಅವ್ವ ಅದಕ್ಕೆ ಸಾರು ಸುರಿದು ತಾಟು ತುಂಬಿದಂತೆ ಮಾಡಿದಳು. ಗಂಗಿ ಅದನ್ನು ಕುಡಿದು ಮುಗಿಸಿದಳು. ಆಮೇಲೆ ಎದ್ದು, ನಾವು ಸೀಳಿ ಬಿಸಾಕಿದ್ದ ಬಟ್ಟೆಗಳನ್ನು ಒಂದೊಂದೇ ಹೆಕ್ಕಿಕೊಂಡಳು. ಹೊಲಿಗೆಯ ಸಂದಿಯಲ್ಲಿ ಅಂಟಿಕೊಂಡ ಅಗುಳನ್ನು ಉಗುರಿನಿಂದ ಬಿಡಿಸಿ ಬಾಯಿಗೆ ಹಾಕಿಕೊಳ್ಳತೊಡಗಿದಳು. ನನ್ನ ಬಟ್ಟೆಯನ್ನಂತೂ ಬಾಯಲ್ಲಿಟ್ಟುಕೊಂಡು ಚೀಪಿದಳು.

ಅದೇ ಹೊತ್ತಿಗೆ ಓಬಳಮ್ಮ ಬಾಗಿಲಲ್ಲಿ ನಿಂತಿದ್ದಳು. ಕರೆಂಟು ಹೋಗಿ ಶೆಡ್ಡಿನವರನ್ನು ಬೇಗ ಬಿಟ್ಟಿದ್ದರು.

"ಗಂಗೀ, ಅದು ಬಿಡು" ಅಂದಳು. ಒಳಗೆ ಬಂದು ಬಟ್ಟೆ ಬಿಡಿಸಿಕೊಂಡು, ಸೆರಗಿನಿಂದ ಮಗಳ ಬಾಯಿ ಒರೆಸಿದಳು. "ನಾಳಿಂದ ಕರ್ಕೊಂಡು ಬರಾದಿಲ್ರಿ ಅಕ್ಕ."

"ನಾಳಿ ನಾ ಏನಾರ ಮಾಡ್ತೀನಿ, ಬಿಟ್ಟು ಹೋಗವ್ವಾ."

"ನೀವು ಎಷ್ಟಂತ ಮಾಡ್ತೀರಿ. ಎಲ್ರೂ ಹೊಲದಾರಲ್ರಿ." ಅವಳು ನನ್ನ ಚೀಲದ ಕಪ್ಪು ದಾರವನ್ನು ನೋಡಿ, ಬಟ್ಟೆಯನ್ನು ಮಡಚಿ ಅವ್ವನ ಕೈಗೆ ಕೊಟ್ಟಳು.

ಆಮೇಲೆ ಕೆಲವು ದಿನ ಗಂಗಿ ಶೆಡ್ಡಿನಲ್ಲೇ, ಪ್ಯಾಂಟುಗಳ ರಾಶಿಯ ಕೆಳಗೆ ದಾರದ ಕಸದಲ್ಲಿ ಕೂತಿರುತ್ತಿದ್ದಳು. ಮಳೆಗಾಲ ಬರುವ ಮೊದಲೇ ತಾಯಿ ಮಗಳು ಬೆಂಗಳೂರಿನ ಬಸ್ಸು ಹತ್ತಿದರು. ನಾವು ಪಡಸಾಲೆಯಲ್ಲಿ ದಿನಾ ಓಡಿಸುತ್ತಿದ್ದ ಬಸ್ಸು ಅದೇ. ಅಲ್ಲಿ ಏನಾದರು, ಗಂಗಿ ಏನು ಉಂಡು ಬೆಳೆದಳು ಅನ್ನುವುದು ನಮಗೆ ತಿಳಿಯಲಿಲ್ಲ. ಶಾರದಕ್ಕನಾಗಲಿ ಉಳಿದವರಾಗಲಿ ಅವಳ ಹೆಸರೆತ್ತಲಿಲ್ಲ. ಅವ್ವನ ಮನೆ ಇನ್ನೂ ಎರಡು ವರ್ಷ ನಡೆಯಿತು. ಅವರವರ ಅನ್ನ ಅವರವರಿಗೆ ಸರಿಯಾಗಿ ಮುಟ್ಟಿತು. ಅಷ್ಟು ಚೊಕ್ಕವಾಗಿ, ಅಷ್ಟು ಜಗಳವಿಲ್ಲದೆ ಆ ಮನೆ ಹಿಂದೆ ಯಾವತ್ತೂ ನಡೆದಿರಲಿಲ್ಲ. ಎಲ್ಲರೂ ಮೆಚ್ಚಿಕೊಂಡರು.

ಈಗ ನನ್ನ ಮನೆಯಲ್ಲೂ ನಾಲ್ಕು ಮಿಶನ್ನಿವೆ. ಅಕ್ಕಿ ಮೂಟೆಯಲ್ಲಿ ಬರುತ್ತದೆ. ಕೆಲಸಕ್ಕೆ ಬರುವ ಹೆಂಗಸರ ಮಕ್ಕಳು ಬಾಗಿಲ ಹತ್ತಿರ ತಮ್ಮತಮ್ಮ ಚಿಪ್ಸ್ ಪಾಕೀಟು ಹಿಡಿದು, ಒಬ್ಬರಿಗೊಬ್ಬರು ಬೆನ್ನು ಮಾಡಿ ತಿನ್ನುತ್ತವೆ. ಯಾವ ಮಗುವೂ ಇನ್ನೊಂದರ ಪಾಕೀಟಿಗೆ ಕೈ ಹಾಕುವುದಿಲ್ಲ. ನಾನೂ ಏನೂ ಹೇಳುವುದಿಲ್ಲ. ಹೇಳುವ ಬಾಯಿ ನನಗೆಲ್ಲಿದೆ?

ಅವ್ವ ಕೊನೆಯ ವರ್ಷಗಳಲ್ಲಿ ನನ್ನ ಜೊತೆಗೇ ಇದ್ದಳು. ಆ ಬೇಸಿಗೆಯ ವಿಷಯವನ್ನು ಅವಳು ಒಮ್ಮೆಯೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನನ್ನ ಸೀರೆ ಉಟ್ಟಳು, ನನ್ನ ಮಕ್ಕಳನ್ನು ಎತ್ತಿ ಆಡಿಸಿದಳು. ಆದರೆ ನಾನು ಸೂಜಿ ಹಿಡಿದ ಆ ಬೆಳಗಿನಿಂದ ಅವಳು ನನ್ನ ತಾಟಿಗೆ ಮತ್ತೆ ಕೈ ಹಾಕಲಿಲ್ಲ. ಹಬ್ಬದ ದಿನ ಉಪ್ಪು ನೋಡುವುದಕ್ಕೂ ಹಾಕಲಿಲ್ಲ.

ಅವಳಿಗೆ ಗಂಜಿ ಬಿಟ್ಟರೆ ಬೇರೇನೂ ಇಳಿಯದಾದ ದಿನಗಳಲ್ಲಿ, ಒಂದು ಮಧ್ಯಾಹ್ನ ಅವಳ ಮಂಚದ ಪಕ್ಕ ಕೂತು ಉಣ್ಣುತ್ತಿದ್ದೆ. ಅವಳು ನನ್ನ ತಾಟನ್ನು ನೋಡುತ್ತಿದ್ದಳು. ಮೆತ್ತಗೆ ಕಲಸಿ ಕೈಯಲ್ಲಿ ಹಿಡಿದು, "ನಂದ್ರಾಗಿಂದ ಎರಡು ತುತ್ತು ತಗೋ ಅವ್ವಾ" ಅಂದೆ.

ಅವಳು ನನ್ನ ಕೈಯನ್ನು ಮೆಲ್ಲಗೆ ತಾಟಿನ ಕಡೆಗೆ ತಿರುಗಿಸಿದಳು.

"ಬ್ಯಾಡವ್ವಾ. ನಿಂದು ನೀ ಉಣ್ಣು."

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ತಪ್ಪಾಯಿತು ಅಂತ ಕಾಲು ಹಿಡಿಯುತ್ತಿದ್ದೆ.